ರಿಟೈರ್ಡ್ ಜನರಲ್ ತಾನೇ ನಡೆಸಿದ ಯುದ್ಧವನ್ನ ಬೈದ್ರೆ ಎಷ್ಟು ನಂಬೋದು, ಎಷ್ಟು ಬಿಡೋದು?

ಪ್ರತಿ ಯುದ್ಧ ಆದ್ಮೇಲೂ ಇದೊಂದು ಆಗೇ ಆಗುತ್ತೆ. ಯೂನಿಫಾರ್ಮ್ ಬಿಚ್ಚಿಟ್ಟು ಒಂದೆರಡು ವರ್ಷ ಆಗಿರುತ್ತೆ, ಒಬ್ರು ಜನರಲ್ ಸಾಹೇಬ್ರು ಮೈಕ್ ಮುಂದೆ ಕೂತು ಪ್ಲಾನೇ ಸರಿ ಇರ್ಲಿಲ್ಲ ಮೇಲಿನವರಿಗೆ ಏನೂ ಗೊತ್ತಿರ್ಲಿಲ್ಲ ಅಂತಾರೆ, ಅದರ ಎರಡು ನಿಮಿಷದ ಕ್ಲಿಪ್ಪು ವಾಟ್ಸಾಪ್ ಗ್ರೂಪಲ್ಲಿ ಓಡಾಡುತ್ತೆ, ಅರ್ಧ ಜನ "ನೋಡ್ರಪ್ಪಾ, ಅವರೇ ಒಪ್ಕೊಂಡ್ರು" ಅಂತಾರೆ, ಇನ್ನರ್ಧ ಜನ "ಸರ್ವೀಸಲ್ಲಿದ್ದಾಗ ಬಾಯಿಗೆ ಏನಾಗಿತ್ತು, ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ" ಅಂತ ಶುರು ಹಚ್ಕೋತಾರೆ. ಎರಡು ಕಡೆಯವರೂ ಪೂರ್ತಿ ಓದಿರಲ್ಲ ಅನ್ನೋದು ಬೇರೆ ಮಾತು. ಇಂಥ ಮಾತನ್ನ ತೂಗಿ ನೋಡೋಕೆ ನಾನು ಬಳಸೋ ದಾರಿ ಇಲ್ಲಿ ಬರೀತಿದೀನಿ. ಇದಕ್ಕೆ ಮಿಲಿಟರಿ ಪಂಡಿತರಾಗ್ಬೇಕಿಲ್ಲ, ಕೂತು ತಾರೀಖು ಹೊಂದಿಸಿ ನೋಡೋ ತಾಳ್ಮೆ ಇದ್ರೆ ಸಾಕು.

ಮೊದಲನೇದಾಗಿ ಆ "ಆಗ ಯಾಕೆ ಸುಮ್ನಿದ್ರು" ಪ್ರಶ್ನೆನ ಪಕ್ಕಕ್ಕಿಡಿ. ನಮ್ಮಲ್ಲಿ 1954ರ ಆರ್ಮಿ ರೂಲ್ಸ್‌ನಲ್ಲಿ 21ನೇ ನಿಯಮ ಅಂತ ಇದೆ, ಸರ್ವೀಸಲ್ಲಿರೋರು ಪರ್ಮಿಷನ್ ಇಲ್ದೆ ಪ್ರೆಸ್ಸಿಗೆ ಇಂಥದ್ದೆಲ್ಲ ಹೇಳೋ ಹಾಗಿಲ್ಲ. ಅಮೆರಿಕದಲ್ಲೂ ಮಿಲಿಟರಿ ಕಾನೂನಿನ 88ನೇ ಆರ್ಟಿಕಲ್ ಪ್ರಕಾರ ಆಫೀಸರ್ ಆದವನು ಪ್ರೆಸಿಡೆಂಟನ್ನೋ ಡಿಫೆನ್ಸ್ ಸೆಕ್ರೆಟರಿಯನ್ನೋ ಹೀನಾಯವಾಗಿ ಮಾತಾಡಿದ್ರೆ ಕೋರ್ಟ್ ಮಾರ್ಷಲ್ಲು. ಹಾಗಾಗಿ ಹೊರಗಡೆ ಬಾಯಿ ಮುಚ್ಕೊಂಡಿದ್ದು ಅಷ್ಟು ದೊಡ್ಡ ತಪ್ಪಲ್ಲ. ಕೇಳಬೇಕಾದ್ದು ಬೇರೆ: ಒಳಗಡೆ ಏನ್ ಹೇಳಿದ್ರು, ಕಾಗದದ ಮೇಲೆ ಏನಾದ್ರೂ ಹಾಕಿದ್ರಾ?

1962ರಲ್ಲಿ 33ನೇ ಕೋರ್ ಅನ್ನೋ ದೊಡ್ಡ ಸೇನಾ ತುಕಡಿಗೆ ಕಮಾಂಡರ್ ಆಗಿದ್ದ ಲೆಫ್ಟಿನೆಂಟ್ ಜನರಲ್ ಉಮ್ರಾವ್ ಸಿಂಗ್ ಈಗಿನ ಅರುಣಾಚಲದ ಗಡಿಯಲ್ಲಿರೋ ಥಗ್ಲಾ ಗುಡ್ಡದಿಂದ ಚೀನಿಯರನ್ನ ಓಡ್ಸಿ ಅನ್ನೋ ಆರ್ಡರ್ ಬಂದಾಗ, ಅದಕ್ಕೆ ಇಷ್ಟು ಸಾಮಾನು ಬೇಕು, ಅದು ಮೇಲೆ ತಲುಪದೆ ಆಗೋದಲ್ಲ ಅಂತ ಮೇಲಿನವರಿಗೆ ಹೇಳಿದ್ರು. ಆಗಿದ್ದೇನು? ಆ ಭಾಗವನ್ನೇ ಅವರ ಕೈಯಿಂದ ತೆಗೆದು, ಹೊಸದಾಗಿ 4ನೇ ಕೋರ್ ಅಂತ ಮಾಡಿ, ಲೆಫ್ಟಿನೆಂಟ್ ಜನರಲ್ ಬಿ.ಎಂ. ಕೌಲ್ ಅವರಿಗೆ ಕೊಟ್ರು. ಅಮೆರಿಕದ ಆರ್ಮಿ ಚೀಫ್ ಎರಿಕ್ ಶಿನ್ಸೆಕಿ 2003ರ ಫೆಬ್ರವರಿಯಲ್ಲಿ, ಇರಾಕ್ ಯುದ್ಧ ಶುರುವಾಗೋ ಮುಂಚೇನೇ ಸೆನೆಟ್ ಕಮಿಟಿ ಕೇಳಿದಾಗ, ಯುದ್ಧ ಆದ್ಮೇಲೆ ಇರಾಕನ್ನ ಹಿಡಿದಿಟ್ಕೊಳ್ಳೋಕೆ ಲಕ್ಷಗಟ್ಟಲೆ ಸೈನಿಕರು ಬೇಕಾಗ್ಬಹುದು ಅಂದ್ರು, ಪೆಂಟಗಾನ್ (ಅಲ್ಲಿನ ಡಿಫೆನ್ಸ್ ಇಲಾಖೆ) ದೊಡ್ಡವರು ಎರಡೇ ದಿನದಲ್ಲಿ ಅದನ್ನ ತಳ್ಳಿಹಾಕಿದ್ರು. ಇಂಥವರು ಆಮೇಲೆ ಏನೇ ಹೇಳಲಿ ಹೇಳದೇ ಇರಲಿ, ಆಗ ಹೇಳಿದ್ದು ದಾಖಲೆಯಲ್ಲಿ ಕೂತಿರುತ್ತೆ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರನ್ನೂ ಇಲ್ಲಿ ನೆನೆಸ್ಕೋಬೇಕು, 1961ರಲ್ಲಿ ರಿಟೈರ್ ಆಗಿ 1962ರ ಜುಲೈನಲ್ಲಿ, ಅಂದ್ರೆ ಯುದ್ಧಕ್ಕೆ ಮೂರು ತಿಂಗಳು ಮುಂಚೆ, ಚೀನಾ ಜೊತೆ ಭಾರತ ಒಂಟಿಯಾಗಿ ಪೂರ್ಣ ಯುದ್ಧಕ್ಕೆ ನಿಲ್ಲೋಕಾಗಲ್ಲ ಅಂತ ಪತ್ರಿಕೆಯಲ್ಲೇ ಬರೆದಿದ್ರು. ಆ ಯುದ್ಧ ಅವರು ನಡೆಸಲಿಲ್ಲ ನಿಜ, ಆದ್ರೆ ಸೋತ ಮೇಲೆ "ನಾನು ಅವತ್ತೇ ಅಂದ್ಕೊಂಡಿದ್ದೆ" ಅನ್ನೋರ ಮಾತನ್ನ ಇದರ ಪಕ್ಕದಲ್ಲಿಟ್ಟು ನೋಡಿ.

ಎರಡನೇ ಕೆಲಸ, ಆ ಮನುಷ್ಯ ಆಗ ಯಾವ ಕುರ್ಚಿಯಲ್ಲಿದ್ರು ಅಂತ ಹುಡುಕೋದು. ಟೀವಿಯವರು ಎಲ್ಲರನ್ನೂ "ಯುದ್ಧದ ಮಾಜಿ ಕಮಾಂಡರ್" ಅಂತ ಒಂದೇ ಪಟ್ಟಿ ಹಾಕಿಬಿಡ್ತಾರೆ. 2006ರ ಮಾರ್ಚ್-ಏಪ್ರಿಲ್‌ನಲ್ಲಿ ಆಗಿನ ಡಿಫೆನ್ಸ್ ಸೆಕ್ರೆಟರಿ ಡೊನಾಲ್ಡ್ ರಮ್ಸ್‌ಫೆಲ್ಡ್ ಮನೆಗೆ ಹೋಗ್ಬೇಕು ಅಂತ ಸಾಲಾಗಿ ಬಾಯಿಬಿಟ್ಟ ರಿಟೈರ್ಡ್ ಜನರಲ್‌ಗಳನ್ನೇ ತಗೊಳ್ಳಿ. ಪಾಲ್ ಈಟನ್ ಇರಾಕಿನ ಹೊಸ ಸೈನ್ಯಕ್ಕೆ ಟ್ರೇನಿಂಗ್ ಕೊಡೋ ಜವಾಬ್ದಾರಿಯಲ್ಲಿದ್ದವರು, ಜಾನ್ ಬಟಿಸ್ಟ್ ಅಲ್ಲೇ 1ನೇ ಇನ್‌ಫೆಂಟ್ರಿ ಡಿವಿಷನ್ ನಡೆಸಿದವರು, ಆದ್ರೆ ಆಂಟನಿ ಜಿನ್ನಿ 2000ದಲ್ಲೇ ಮಧ್ಯಪ್ರಾಚ್ಯ ನೋಡ್ಕೊಳ್ಳೋ ಸೆಂಟ್ರಲ್ ಕಮಾಂಡ್ ಬಿಟ್ಟು ರಿಟೈರ್ ಆಗಿದ್ರು, ಈ ಯುದ್ಧದಲ್ಲಿ ಅವರ ಕೈವಾಡವೇ ಇಲ್ಲ. ಗ್ರೆಗರಿ ನ್ಯೂಬೋಲ್ಡ್ ಪೆಂಟಗಾನ್ ಒಳಗೆ ಆಪರೇಷನ್ಸ್ ಡೈರೆಕ್ಟರ್, ಯುದ್ಧ ಶುರುವಾಗೋ ಕೆಲವು ತಿಂಗಳ ಮುಂಚೆ ಸರ್ವೀಸ್ ಬಿಟ್ರು. ಈಗ ನೋಡಿ, ಯುದ್ಧಕ್ಕೆ ಹೋಗ್ಬೇಕು ಅಂತ ಯಾಕೆ ನಿರ್ಧಾರ ಆಯ್ತು ಅನ್ನೋದಕ್ಕೆ ನ್ಯೂಬೋಲ್ಡ್ ಮಾತಿಗೆ ತೂಕ, ಹೋದ್ಮೇಲೆ ನೆಲದ ಮೇಲೆ ಸೈನಿಕರು ಎಷ್ಟು ಕಮ್ಮಿ ಬಿದ್ರು ಅನ್ನೋದಕ್ಕೆ ಬಟಿಸ್ಟ್ ಮಾತಿಗೆ ತೂಕ. ಬಟಿಸ್ಟ್ ಅಂತೂ ಮೂರನೇ ಸ್ಟಾರ್ (ಲೆಫ್ಟಿನೆಂಟ್ ಜನರಲ್) ಪ್ರಮೋಷನ್ನೇ ಬೇಡ ಅಂತ ಬಿಟ್ಟು ಬಂದವರು, ಅದನ್ನೂ ಲೆಕ್ಕಕ್ಕೆ ತಗೋಬೇಕು, ಬಾಯಿಬಿಡೋಕೆ ಏನಾದ್ರೂ ಕಳ್ಕೊಂಡಿದ್ದಾರಾ ಅನ್ನೋದು ದೊಡ್ಡ ವಿಷಯ.

ಆಮೇಲೆ ಪೂರ್ತಿ ಭಾಷಣ ಓದಿ. ಇದನ್ನ ಯಾರೂ ಮಾಡಲ್ಲ. ರಿಕಾರ್ಡೊ ಸ್ಯಾಂಚೆಜ್ ಅಂತ, 2003ರ ಜೂನ್‌ನಿಂದ ಒಂದು ವರ್ಷ ಇರಾಕಿನಲ್ಲಿ ಅಮೆರಿಕದ ಪಡೆಗಳ ಕಮಾಂಡರ್ ಆಗಿದ್ದವರು, 2007ರ ಅಕ್ಟೋಬರ್ 12ಕ್ಕೆ ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿ ಮಿಲಿಟರಿ ರಿಪೋರ್ಟರ್‌ಗಳ ಸಭೆಯಲ್ಲಿ ಮಾತಾಡಿದ್ರು. ಇರಾಕ್ ಅನ್ನೋದು ಕೊನೆಯೇ ಕಾಣದ ದುಃಸ್ವಪ್ನ, ಪ್ಲಾನು ಬುಡದಿಂದಲೇ ಕೆಟ್ಟದ್ದು ಅನ್ನೋ ಅರ್ಥದ ಮಾತು, ಮಾರನೇ ದಿನ ಪ್ರಪಂಚದ ಪೇಪರ್‌ಗಳಲ್ಲೆಲ್ಲ ಹೆಡ್‌ಲೈನ್. ಆದ್ರೆ ಆ ಭಾಷಣದ ಮೊದಲ ಭಾಗ ಪೂರ್ತಿ ಎದುರಿಗೆ ಕೂತಿದ್ದ ಪತ್ರಕರ್ತರಿಗೇ ಮಂಗಳಾರತಿ! ನೀವು ತಪ್ಪು ಬರೀತೀರಿ, ಬರೆದದ್ದು ತಪ್ಪು ಅಂತ ಗೊತ್ತಾದ್ಮೇಲೂ ಸರಿ ಮಾಡಲ್ಲ, ನಿಮಗೆ ನಿಮ್ಮದೇ ಅಜೆಂಡಾ ಅಂತ ಝಾಡಿಸಿದ್ರು. ಬಹುಪಾಲು ವರದಿಗಳಲ್ಲಿ ಅದು ಒಂದು ಸಾಲಿಗೆ ಇಳೀತು, ಕೆಲವದರಲ್ಲಿ ಅದೂ ಇಲ್ಲ. ಇನ್ನೊಂದು ವಿಷಯ, ಅಬು ಘ್ರೈಬ್ ಜೈಲಿನಲ್ಲಿ ಅಮೆರಿಕದ ಸೈನಿಕರು ಕೈದಿಗಳನ್ನ ಹಿಂಸಿಸಿದ ಹಗರಣ ನಡೆದದ್ದು ಇದೇ ಸ್ಯಾಂಚೆಜ್ ಕಮಾಂಡರ್ ಆಗಿದ್ದಾಗ. ಆರ್ಮಿಯ ಒಳಗಿನ ತನಿಖೆ 2005ರಲ್ಲಿ ಅವರ ತಪ್ಪಿಲ್ಲ ಅಂತ ಬಿಟ್ಟಿತು, ಸರಿ, ಆದ್ರೆ ಅವರ ಮಾತು ಕೇಳೋವಾಗ ಅದು ನಿಮ್ಮ ತಲೇಲಿ ಇರಬೇಕು.

ಇಲ್ಲಿಂದ್ಲೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಬರುತ್ತೆ, ಬೈಯೋ ಲಿಸ್ಟಲ್ಲಿ ತನ್ನ ಹೆಸರು ಇದೆಯಾ? ಒಂದು ಪೆನ್ಸಿಲ್ ತಗೊಂಡು ಕೂತ್ಕೊಳ್ಳಿ, ರಾಜಕಾರಣಿ ತಪ್ಪು ಅಂದ ಕಡೆ ಒಂದು ಗೀಟು, ಅಧಿಕಾರಿಗಳು, ಇಂಟೆಲಿಜೆನ್ಸು, ಪ್ರೆಸ್ಸು ಅಂತ ಒಂದೊಂದು ಗೀಟು, "ನಾನು" ಅಂತ ಬಂದ ಕಡೆ ಒಂದು ರೌಂಡು. ರೌಂಡೇ ಇಲ್ಲ ಅಂದ್ರೆ ಇವರು ಇನ್ನೊಬ್ಬರ ತಲೆ ಮೇಲೆ ಗೂಬೆ ಕೂರಿಸ್ತಿದಾರೆ ಅಂತ ಅರ್ಧ ಅನುಮಾನ ಇಟ್ಕೊಳ್ಳಿ. ನ್ಯೂಬೋಲ್ಡ್ 2006ರಲ್ಲಿ ಬರೆದಾಗ, ಗೊತ್ತಿದ್ದೂ ಬಹಿರಂಗವಾಗಿ ಎದುರು ನಿಲ್ಲಲಿಲ್ಲ ಅನ್ನೋ ವಿಷಾದ ನನಗಿದೆ ಅಂತ ತನ್ನನ್ನೇ ಸೇರಿಸ್ಕೊಂಡ್ರು. ಇರಾಕ್, ಅಫ್ಘಾನಿಸ್ತಾನ ಎರಡರಲ್ಲೂ ಕೆಲಸ ಮಾಡಿದ ಡೇನಿಯಲ್ ಬೋಲ್ಗರ್ 2014ರ ಪುಸ್ತಕದ ಶುರುವಿನಲ್ಲೇ, ನಾನು ಅಮೆರಿಕದ ಜನರಲ್, ಈ ಯುದ್ಧ ಸೋತವನು ನಾನು ಅಂತ ನೇರವಾಗಿ ಬರ್ಕೊಂಡಿದಾರೆ. ಅಂಥವರ ಉಳಿದ ವಾದ ನಿಮಗೆ ಹಿಡಿಸದೇ ಇರಬಹುದು, ಆದ್ರೂ ಓದೋಕೆ ಲಾಯಕ್ಕು.

ನಮ್ಮದೇ ಉದಾಹರಣೆ ಬೇಕಾ, ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆ ಇದೆ. 1987ರ ಜುಲೈನಲ್ಲಿ ಒಪ್ಪಂದ, ಅಕ್ಟೋಬರ್‌ನಲ್ಲಿ ಎಲ್‌ಟಿಟಿಇ (ತಮಿಳು ಪ್ರತ್ಯೇಕತಾವಾದಿ ಉಗ್ರರು) ಜೊತೆನೇ ಯುದ್ಧ, 1990ರ ಮಾರ್ಚಲ್ಲಿ ವಾಪಸ್ಸು, ಅಷ್ಟರಲ್ಲಿ ನಮ್ಮ ಸುಮಾರು 1200 ಸೈನಿಕರು ತೀರ್ಕೊಂಡಿದ್ರು. ಮೊದಲು ಹೋದ 54ನೇ ಡಿವಿಷನ್‌ನ ಮೇಜರ್ ಜನರಲ್ ಹರ್‌ಕೀರತ್ ಸಿಂಗ್ 2007ರಲ್ಲಿ ಪುಸ್ತಕ ಬರೆದು ದೆಹಲಿಯನ್ನ, ಕೊಲಂಬೊದಲ್ಲಿದ್ದ ಹೈಕಮಿಷನರ್ ಜೆ.ಎನ್. ದೀಕ್ಷಿತ್ ಅವರನ್ನ ಚೆನ್ನಾಗಿ ತರಾಟೆಗೆ ತಗೊಂಡ್ರು. ಮಾತುಕತೆಗೆ ಬರೋ ಎಲ್‌ಟಿಟಿಇ ನಾಯಕ ಪ್ರಭಾಕರನ್‌ನ ಮುಗಿಸಿಬಿಡಿ ಅಂತ ದೀಕ್ಷಿತ್ ಹೇಳಿದ್ರು, ಬಿಳಿ ಬಾವುಟದ ಕೆಳಗೆ ಬಂದವನ ಬೆನ್ನಿಗೆ ಗುಂಡು ಹಾಕಲ್ಲ ಅಂತ ನಾನು ಒಪ್ಪಲಿಲ್ಲ ಅನ್ನೋದು ಅವರು ಹೇಳಿದ್ದು. ಪುಸ್ತಕ ಬರೋ ಹೊತ್ತಿಗೆ ದೀಕ್ಷಿತ್ ತೀರ್ಕೊಂಡು ಎರಡು ವರ್ಷ. ಅವರು 1998ರಲ್ಲೇ ತಮ್ಮ ಕಡೆಯ ಕಥೆ ಪುಸ್ತಕ ಮಾಡಿಟ್ಟಿದ್ರು, ಅದನ್ನ ಪಕ್ಕದಲ್ಲಿಟ್ಕೊಂಡು ಓದಿ. ಹಾಗೇ 1987ರ ಅಕ್ಟೋಬರ್ 11ರ ರಾತ್ರಿ ಜಾಫ್ನಾ ಯೂನಿವರ್ಸಿಟಿ ಮೈದಾನದಲ್ಲಿ ಹೆಲಿಕಾಪ್ಟರಿನಿಂದ ಇಳಿಸಿದ 13ನೇ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ 29 ಜನ ಸತ್ರು, ಒಬ್ಬರು ಸೆರೆ ಸಿಕ್ರು, ಎಲ್‌ಟಿಟಿಇಯವರು ಮೊದಲೇ ಗೊತ್ತಾಗಿ ಕಾಯ್ಕೊಂಡು ಕೂತಿದ್ರು. ಆಗ ಡಿವಿಷನ್ ಇದ್ದದ್ದು ಇದೇ ಹರ್‌ಕೀರತ್ ಸಿಂಗ್ ಕೈಯಲ್ಲೇ. ದೆಹಲಿಯ ತಪ್ಪುಗಳಿಗೆ ಎಷ್ಟು ಪುಟ, ಈ ಒಂದು ರಾತ್ರಿಗೆ ಎಷ್ಟು ಪುಟ, ಅದರಲ್ಲಿ ತನ್ನ ಪಾಲು ಅಂತ ಏನು ಬರೆದಿದಾರೆ, ಹುಡುಕಿ ನೋಡಿ.

ಈಗೇನ್ ಮಾಡ್ತಿದಾರೆ ಅನ್ನೋದನ್ನೂ ಒಂಚೂರು ನೋಡ್ಬೇಕು, ಆದ್ರೆ ಅದೇ ದೊಡ್ಡದಲ್ಲ. ಸ್ಯಾಂಚೆಜ್ 2011ರಲ್ಲಿ ಟೆಕ್ಸಾಸ್‌ನಿಂದ ಡೆಮಾಕ್ರಟಿಕ್ ಪಕ್ಷದವರಾಗಿ ಸೆನೆಟ್‌ಗೆ ನಿಲ್ಲೋಕೆ ಹೊರಟು ಅದೇ ವರ್ಷ ಹಿಂದೆ ಸರಿದ್ರು. ಇನ್ನೊಂದು ಕಡೆ, ಟೀವಿಯಲ್ಲಿ ಯುದ್ಧವನ್ನ ಹೊಗಳ್ತಿದ್ದ ರಿಟೈರ್ಡ್ ಆಫೀಸರ್‌ಗಳಿಗೆ ಪೆಂಟಗಾನೇ ಹೇಳಿಕೊಡ್ತಿತ್ತು, ಅವರಲ್ಲಿ ಹಲವರಿಗೆ ಡಿಫೆನ್ಸ್ ಕಂಪನಿಗಳ ನಂಟಿತ್ತು ಅಂತ 2008ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲು ಮಾಡಿತು. ಅಂದ್ರೆ ಬೈಯೋರನ್ನ ಮಾತ್ರ ಅನುಮಾನದಿಂದ ನೋಡಿ ಹೊಗಳೋರನ್ನ ಹಾಗೇ ನಂಬೋದು ಯಾವ ನ್ಯಾಯ?

ಪ್ರಾಕ್ಟೀಸ್ ಮಾಡೋಕೆ ಕನ್ನಡದವರಿಗೆ 1962ಕ್ಕಿಂತ ಒಳ್ಳೇದು ಸಿಗಲ್ಲ. ಬ್ರಿಗೇಡಿಯರ್ ಜಾನ್ ದಳವಿ 1969ರಲ್ಲಿ ಬರೆದ ಹಿಮಾಲಯನ್ ಬ್ಲಂಡರ್, ರವಿ ಬೆಳಗೆರೆ ಕನ್ನಡಕ್ಕೆ ತಂದ್ಮೇಲೆ ಎಷ್ಟೋ ಮನೆಯಲ್ಲಿದೆ. ಥಗ್ಲಾ ಗುಡ್ಡದ ಕೆಳಗಿನ ನಮ್ಕಾ ಚು ಹೊಳೆ ದಡದಲ್ಲಿ ದಳವಿ ನಡೆಸ್ತಿದ್ದ 7ನೇ ಬ್ರಿಗೇಡು, ಕಾಟನ್ ಯೂನಿಫಾರ್ಮು, ಕೈಯಲ್ಲಿ ಎಣಿಸಿಟ್ಟ ಗುಂಡುಗಳು, ಎದುರಿಗೆ ಎತ್ತರದಲ್ಲಿ ಚೀನಿಯರು, ಅಕ್ಟೋಬರ್ 20ರ ಬೆಳಗಿನ ಜಾವದ ದಾಳಿ, ಎರಡು ದಿನಕ್ಕೆ ದಳವಿ ಸೆರೆ. ಓದಿದವರ ರಕ್ತ ಕುದಿಯುತ್ತೆ, ಕುದೀಬೇಕು ಕೂಡ. ಆದ್ರೆ ನಮ್ಮಲ್ಲಿ ಬಹಳ ಜನಕ್ಕೆ 1962 ಅಂದ್ರೆ ಅದೊಂದೇ ಪುಸ್ತಕ, ಅದರಲ್ಲಿ ವಿಲನ್ ಆಗಿರೋ ಕೌಲ್ ಕೂಡ 1967ರಲ್ಲೇ ತನ್ನ ಕಥೆ ಬರೆದಿದಾರೆ, ಇಬ್ಬರ ನಡುವೆ ಇದ್ದ 4ನೇ ಡಿವಿಷನ್‌ನ ಕಮಾಂಡರ್ ನಿರಂಜನ್ ಪ್ರಸಾದ್ ಕೂಡ ಬರೆದಿದಾರೆ, ಅನ್ನೋದು ಗೊತ್ತೇ ಇರಲ್ಲ. ಮೂರೂ ಇಂಗ್ಲಿಷಲ್ಲಿ ಸಿಗುತ್ತೆ.

ಪೂರ್ತಿ ಮೂರು ಪುಸ್ತಕ ಓದೋಕೆ ಟೈಮ್ ಇಲ್ಲ ಅಂದ್ರೆ ಅಕ್ಟೋಬರ್ 8ರಿಂದ 20ರವರೆಗಿನ ಭಾಗ ಮಾತ್ರ ತೆಗೀರಿ. 10ನೇ ತಾರೀಖು ಅದೇ ಬ್ರಿಗೇಡಿನ ಬೆಟಾಲಿಯನ್ 9 ಪಂಜಾಬ್‌ನವರ ಮೇಲೆ ಚೀನಿಯರು ಬಿದ್ದಾಗ ಕೌಲ್ ಅಲ್ಲೇ ಇದ್ರು, ಆಮೇಲೆ ದೆಹಲಿಗೆ ಹೋದ್ರು. 12ಕ್ಕೆ ಕೊಲಂಬೊಗೆ ಹೊರಟಿದ್ದ ನೆಹರು, ಚೀನಿಯರನ್ನ ಹೊರಹಾಕೋಕೆ ಸೈನ್ಯಕ್ಕೆ ಹೇಳಿದೀವಿ ಅಂತ ಪತ್ರಕರ್ತರಿಗೆ ಅಂದ್ರು. 18ಕ್ಕೆ ಕೌಲ್ ಕಾಯಿಲೆ ಬಿದ್ದು ಮತ್ತೆ ದೆಹಲಿಗೆ. ಇವು ಗಟ್ಟಿ ತಾರೀಖುಗಳು. ಇದರ ನಡುವೆ ಹೊಳೆ ದಡ ಬಿಟ್ಟು ಹಿಂದಕ್ಕೆ ಬರೋಣ ಅಂತ ಯಾರು ಯಾರಿಗೆ ಹೇಳಿದ್ರು, ಬೇಡ ಅಂದಿದ್ದು ಯಾರು ಅಂತ ಮೂರರಲ್ಲೂ ಹುಡುಕಿ, ಮೂವರೂ ಒಪ್ಪೋ ಮಾತನ್ನ ಒಂದು ಕಡೆ, ಒಬ್ಬರೇ ಹೇಳೋದನ್ನ ಇನ್ನೊಂದು ಕಡೆ ಬರ್ಕೊಳ್ಳಿ. ಸೋಲಿನ ಬಗ್ಗೆ ಸೈನ್ಯವೇ ತನಿಖೆ ಮಾಡಿಸಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿ ಇದೆಯಲ್ಲಾ ಅಂತೀರಾ, 1963ರಲ್ಲೇ ಸಲ್ಲಿಸಿದ್ದನ್ನ ಸರ್ಕಾರ ಪ್ರಕಟ ಮಾಡ್ಲೇ ಇಲ್ಲ, 2014ರಲ್ಲಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ಅದರ ಒಂದು ದೊಡ್ಡ ಭಾಗವನ್ನ ಇಂಟರ್ನೆಟ್ಟಿಗೆ ಹಾಕಿದ್ರು. ನಿಮ್ಮ ಎರಡು ಲಿಸ್ಟ್ ರೆಡಿ ಆದ್ಮೇಲೆ ಅದನ್ನ ತೆರೀರಿ, ಮೊದಲೇ ಬೇಡ.