ಒಂಬತ್ತು ಪೌಂಡಿನ ಟೇಪು ಮತ್ತು ಚಾಟ್ಸ್‌ವರ್ತ್ ಪಾರ್ಕಿನ ಓಕ್ ಮರಗಳು

ನಮ್ಮ ಇತಿಹಾಸದ ಗುಂಪಿನಲ್ಲಿ ನಾನು ಮೊದಲ ಸಲ ಚಾಟ್ಸ್‌ವರ್ತ್ ಪಾರ್ಕಿನ ಲೈಡಾರ್ ಚಿತ್ರ (ವಿಮಾನದಿಂದ ಲೇಸರ್ ಬಿಟ್ಟು ನೆಲದ ಏರು-ತಗ್ಗು ಅಳೆದದ್ದು) ತೋರಿಸಿದಾಗ ಹಿರಿಯರೊಬ್ಬರು ಕನ್ನಡಕ ಮೇಲಕ್ಕೇರಿಸಿ ನೋಡಿದರು. "ಈ ಪಟ್ಟೆಗಳು ನೀರಿಳಿಸಲು ಹೂತ ಪೈಪಿನ ಗೆರೆ. ಪಾರ್ಕು ರೂಪಿಸಿದ ಬ್ರೌನ್ ಕೈಯಾಡಿಸಿದ ಕಡೆ ಹಳೇದು ಏನು ಉಳಿದಿರುತ್ತೆ?" ಅಂದುಬಿಟ್ಟರು. ಉಳಿದವರೂ ತಲೆ ಆಡಿಸಿದರು. ಮೂರು ವರ್ಷದ ಹಿಂದಿನ ಮಾತು. ಈಗ ಅದೇ ಚಿತ್ರ ಅವರ ಫೋನಿನಲ್ಲೂ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಜಾಗ ಇಂಗ್ಲೆಂಡಿನ ಡರ್ಬಿಶೈರಿನ ಚಾಟ್ಸ್‌ವರ್ತ್, ಡ್ಯೂಕ್ ಮನೆತನದ ದೊಡ್ಡ ಬಂಗಲೆ, ಅದರ ಸುತ್ತ ತೋಟ, ಪಾರ್ಕು. ನಾನಿರುವ ಶೆಫೀಲ್ಡ್‌ನಿಂದ ಬಸ್ಸಿದೆ. ಮನೆಗೂ ತೋಟಕ್ಕೂ ಟಿಕೆಟ್ ಬೇಕು, ಹೊರಗಿನ ಪಾರ್ಕಿನಲ್ಲಿ ನಡೆದಾಡಲು ಕಾಸಿಲ್ಲ. 1760ರ ಸುಮಾರಿಗೆ ನಾಲ್ಕನೇ ಡ್ಯೂಕ್ ಈ ಪಾರ್ಕನ್ನು ಹೊಸದಾಗಿ ರೂಪಿಸಲು ಆ ಕಾಲದ ಹೆಸರಾಂತ ಉದ್ಯಾನ ವಿನ್ಯಾಸಕ 'ಕೇಪಬಿಲಿಟಿ' ಬ್ರೌನ್‌ನನ್ನು ಕರೆಸಿದ. ನನ್ನ ವಾದ ಇಷ್ಟೇ: ಡರ್ವೆಂಟ್ ನದಿಯ ಪಶ್ಚಿಮಕ್ಕೆ ಅಲ್ಲೊಂದು ಇಲ್ಲೊಂದು ನಿಂತಿರುವ ಓಕ್‌ಗಳಲ್ಲಿ ಹಲವನ್ನು ಬ್ರೌನ್ ನೆಟ್ಟಿದ್ದೇ ಅಲ್ಲ. ಅವು ಹೊಲದ ಬೇಲಿಯ ಮರಗಳು. ಬೇಲಿ ಕಿತ್ತರು, ಮರ ಬಿಟ್ಟರು. ಪಾರ್ಕ್ ಆಯ್ತು.

ಇದನ್ನು ತೋರಿಸಲು ಹೋಗಿ ನಾನು ಕಳೆದುಕೊಂಡ ದುಡ್ಡಿನ ಲೆಕ್ಕ ಮೊದಲು. ಡ್ರೋನಿಗೆ ಹತ್ತಿರ ಹತ್ತಿರ ನಾನೂರು ಪೌಂಡ್. ಹಿತ್ತಲಲ್ಲಿ ಕಲಿಯುವಾಗಲೇ ಪಕ್ಕದ ಮನೆಯ ಮರಕ್ಕೆ ಗುದ್ದಿ ಸತ್ತಿತು. ಪಾರ್ಕಿನ ಮುಖವನ್ನೂ ನೋಡಲಿಲ್ಲ. ಆಮೇಲೆ ಸರ್ವೆ ನಕ್ಷೆಗಳ ದೊಡ್ಡ ಪ್ರಿಂಟು, ಎಪ್ಪತ್ತು ಪೌಂಡೋ ಎಂಬತ್ತೋ. ಬಂದಮೇಲೆ ಹಣೆ ಚಚ್ಚಿಕೊಂಡೆ. ಅವು 1870ರ ಆಚೆಯವು, ಅಷ್ಟೊತ್ತಿಗೆ ಪಾರ್ಕಿಗೇ ನೂರು ವರ್ಷ ದಾಟಿತ್ತು. ಇಲ್ಲದ ಬೇಲಿ ಅದರಲ್ಲಿ ಎಲ್ಲಿ ಕಾಣಬೇಕು? ಕೊನೆಗೆ ಕೆಲಸಕ್ಕೆ ಬಂದದ್ದು ಒಂಬತ್ತು ಪೌಂಡಿನ ಟೇಪು, ಪುಕ್ಕಟೆ ಸಿಗುವ ಲೈಡಾರ್, ಆಗ ಎರಡು ಪೌಂಡಿದ್ದ ಬಸ್ಸು.

ಟೇಪಿನಲ್ಲೂ ಮೊದಲು ಎಡವಿದೆ. ಎದೆಯೆತ್ತರದಲ್ಲಿ ಸುತ್ತಳತೆ ಹಿಡಿದು, ವರ್ಷಕ್ಕೆ ಎರಡೂವರೆ ಸೆಂಟಿಮೀಟರ್ ಅನ್ನುವ ಹಳೇ ಲೆಕ್ಕ ಹಾಕಿದೆ. ಐದು ಮೀಟರಿನ ಮರಕ್ಕೆ ಇನ್ನೂರು ವರ್ಷ ಬಂತು. ಅಂದರೆ 1820ರ ಗಿಡ. ನನ್ನ ವಾದ ಅಲ್ಲೇ ಮಲಗಿತು. ಒಂದು ಚಳಿಗಾಲ ಪೂರ್ತಿ ಆ ನೋಟ್‌ಬುಕ್ ಮುಟ್ಟಲಿಲ್ಲ. ಆಮೇಲೆ ಮರತಜ್ಞ ಜಾನ್ ವೈಟ್‌ನ ವಿಧಾನ ಹಿಡಿದೆ. ಮರ ಎಳೆಯದಾಗಿದ್ದಾಗ ಬೇಗ ದಪ್ಪ ಆಗುತ್ತದೆ, ವಯಸ್ಸಾದಂತೆ ಉಂಗುರ ತೆಳುವಾಗುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ವಿಧಾನ ಅದು. ಅದೇ ಐದು ಮೀಟರ್, ಈಗ ಸುಮಾರು 290 ವರ್ಷ. ಬ್ರೌನ್ ಬರುವ ಹೊತ್ತಿಗೆ ಆ ಮರಕ್ಕೆ ಇಪ್ಪತ್ತೈದಾದರೂ ಆಗಿತ್ತು! ಆರು ಮೀಟರಿನವು ನಾನೂರರ ಹತ್ತಿರ ಹೋದವು. ಗಂಟು, ಉಬ್ಬು ಇರುವ ಮರಗಳನ್ನು ಬಿಟ್ಟೆ. ಒಟ್ಟು ನಲವತ್ತು ಚಿಲ್ಲರೆ ಅಳೆದಿರಬೇಕು.

ವಯಸ್ಸು ಸಿಕ್ಕಿತು, ಆದರೆ ಬೇಲಿ ಎಲ್ಲಿ? ಲೈಡಾರ್‌ನಲ್ಲಿ ಕಾಣುವ ಏರು-ತಗ್ಗಿನ ಪಟ್ಟೆಗಳು ಹಳೇ ಉಳುಮೆಯ ಸಾಲು ಅನ್ನುವುದು ನನಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಪೈಪಿನ ಗೆರೆ ನೆಟ್ಟಗಿರುತ್ತದೆ. ಇವು ಕನ್ನಡಿಯಲ್ಲಿ ನೋಡಿದ ಎಸ್ ಅಕ್ಷರದ ಹಾಗೆ ಬಳುಕುತ್ತವೆ. ನಮ್ಮ ತಾತ ಜೋಡೆತ್ತು ಹೂಡಿದಾಗ ಬದುವಿನವರೆಗೂ ಬಂದು ಸುಮ್ನೆ ತಿರುಗಿಸುತ್ತಿದ್ದರು. ಇಲ್ಲಿನವರದ್ದು ಎಂಟೆತ್ತಿನ ಉದ್ದ ಸಾಲು. ಬದು ಇನ್ನೂ ದೂರ ಇರುವಾಗಲೇ ಎತ್ತುಗಳನ್ನು ಎಡಕ್ಕೆ ಎಳೆಯಬೇಕಿತ್ತು. ಆ ಬಳುಕು ಹುಲ್ಲಿನಡಿ ಹಾಗೇ ಕೂತಿದೆ. ಮತ್ತೆ ಉತ್ತಿದ್ದರೆ ಎಂದೋ ಸಮ ಆಗಿರುತ್ತಿತ್ತು. ಪಾರ್ಕ್ ಮಾಡಿ ಕುರಿ, ಜಿಂಕೆ ಮೇಯಲು ಬಿಟ್ಟಿದ್ದರಿಂದಲೇ ಉಳಿಯಿತು.

ನಡುವೆ ಒಂದು ಹುಚ್ಚಾಟ. 2018ರ ಬಿಸಿಲಿಗೆ ಚಾಟ್ಸ್‌ವರ್ತ್ ಬಂಗಲೆಯ ದಕ್ಷಿಣದ ಹುಲ್ಲುಹಾಸು ಒಣಗಿ, ಅದರಡಿ ಹೂತಿದ್ದ 1699ರ ಹೂದೋಟದ ವಿನ್ಯಾಸ ಇಡೀ ಎದ್ದು ಕಂಡಿತ್ತು. ಅದನ್ನು ಮನೆಯಲ್ಲೇ ಮಾಡಿ ನೋಡೋಣ ಅಂತ ಹಿತ್ತಲಿನ ಹುಲ್ಲಿನಡಿ ಗೇಣುದ್ದ ಆಳದಲ್ಲಿ ಇಟ್ಟಿಗೆ ಸಾಲು ಹೂತೆ. ಮೊದಲ ಬೇಸಿಗೆ ಬರೀ ಮಳೆ. 2022ರ ಜುಲೈನಲ್ಲಿ ಈ ದೇಶ ಮೊದಲ ಬಾರಿ 40 ಡಿಗ್ರಿ ದಾಟಿತಲ್ಲ, ಆ ವಾರ ನನ್ನ ಇಟ್ಟಿಗೆ ಗೆರೆ ಹಳದಿಯಾಗಿ ಎದ್ದಿತು. ಹೆಂಡತಿ ಕಿಟಕಿಯಿಂದ ನೋಡಿ, "ಹುಲ್ಲು ಸಾಯಿಸಿದ್ದಕ್ಕೆ ಇಷ್ಟು ಖುಷಿನಾ?" ಅಂದಳು.

ಪಾರ್ಕಿನಲ್ಲಿ ನನಗೆ ಗೆದ್ದುಕೊಟ್ಟದ್ದು ಬಿಸಿಲಲ್ಲ, ಚಳಿ. ಡಿಸೆಂಬರಿನ ಒಂದು ಬೆಳಿಗ್ಗೆ, ಎಂಟೂವರೆ ಇರಬಹುದು, ಆ ಹಿರಿಯರನ್ನು ಒತ್ತಾಯ ಮಾಡಿ ಕರೆದೊಯ್ದೆ. ಹುಲ್ಲಿನ ಮೇಲೆ ಮಂಜು ಬೆಳ್ಳಗೆ ಗಟ್ಟಿಯಾಗಿತ್ತು. ಸೂರ್ಯ ಗುಡ್ಡದಿಂದ ಇಣುಕಿದ ಹತ್ತು ನಿಮಿಷಕ್ಕೆ ದಿಬ್ಬಗಳ ನೆತ್ತಿ ಹಸಿರಾಯಿತು, ತಗ್ಗುಗಳು ಬಿಳಿಯಾಗೇ ಉಳಿದವು. ಇಡೀ ಇಳಿಜಾರು ಪಟ್ಟೆ ಪಟ್ಟೆ ಜಮಖಾನ. ಒಂದು ಕಡೆಯ ಪಟ್ಟೆಗಳು ಇಳಿಜಾರಿಗೆ ಉದ್ದಕ್ಕೆ, ಇನ್ನೊಂದು ಕಡೆಯವು ಅಡ್ಡಕ್ಕೆ. ಎರಡರ ನಡುವೆ ಮೊಣಕಾಲಿಗೂ ಬಾರದ ಒಂದು ಬದು, ಬೇಲಿ ಇದ್ದ ಜಾಗ. ಆ ಬದುವಿನ ಮೇಲೆ, ಸಾಲಾಗಿ, ನಾನು ಅಳೆದಿದ್ದ ಮೂರು ಓಕ್ ಮರ.

ಎಲ್ಲಿ ಅಂತ ಕೇಳಬೇಡಿ, ಇನ್ನೂ ಎರಡು ಬದು ಹಿಡಿಯಬೇಕಿದೆ. ಅವನ್ನು ಲೈಡಾರ್‌ನಲ್ಲಿ ಎದ್ದು ಕಾಣಿಸಲು ನಾನು ಕಂಪ್ಯೂಟರಿನಲ್ಲಿ ಕೃತಕ ಬೆಳಕು ಬಿಡುವ ಕೋನವನ್ನೂ ಸದ್ಯಕ್ಕೆ ಹೇಳಲ್ಲ. ಎಲ್ಲರೂ ಇಡುವ 315 ಡಿಗ್ರಿ, ಅಂದರೆ ವಾಯವ್ಯ, ಅಂತೂ ಅಲ್ಲ.

ಹಿರಿಯರು ಮಾತಾಡಲಿಲ್ಲ. ಒಂದು ನೆತ್ತಿಯಿಂದ ಇನ್ನೊಂದಕ್ಕೆ ಹೆಜ್ಜೆ ಎಣಿಸುತ್ತಾ ನಡೆದರು, ಏಳು ಮೀಟರ್ ಆಸುಪಾಸು ಬಂತು. ವಾಪಸ್ ಬಸ್ಸಿನಲ್ಲಿ ಟೇಪು ಎಲ್ಲಿ ಕೊಂಡೆ ಅಂತ ಕೇಳಿದರು. ಮುಂದಿನ ವಾರ ಅವರದ್ದೇ ಒಂದು ತಂದಿದ್ದರು, ನನ್ನದಕ್ಕಿಂತ ಉದ್ದದ್ದು.