ಮತ್ತಾಯನ ವಂಶಾವಳಿ ಐದು ಮಾತ್ರೆಗೆ ಬಂದು ಕೂತದ್ದು: ನನ್ನ ಅನುಭವ

ಮತ್ತಾಯನ ಸುವಾರ್ತೆಯ ಮೊದಲ ಹದಿನೇಳು ವಚನಗಳನ್ನು, ಅಂದರೆ ಅಬ್ರಹಾಮನಿಂದ ಯೇಸುವಿನವರೆಗಿನ ಹೆಸರುಗಳ ಪಟ್ಟಿಯನ್ನು, ಹಾಡು ಮಾಡುತ್ತೇನೆ ಅಂದಾಗ ನಮ್ಮ ಕ್ವಾಯರಿನಲ್ಲಿ ಯಾರೂ ಮಾತಾಡಲಿಲ್ಲ. ಕೊನೆಗೆ ನಮ್ಮ ಸಭಾಪಾಲಕ ಅಯ್ಯನವರೇ ಬಾಯಿಬಿಟ್ಟರು. "ಮಾಸ್ತರ, ಅದನ್ನ ಓದೂ ಮುಂದನ ಮಂದಿ ಹಾಳಿ ತಿರುವ್ತಾರ. ಹಾಡಿದ್ರ ಎದ್ದು ಹೋಗ್ತಾರ." ಕಳೆದ ಡಿಸೆಂಬರಿನಲ್ಲಿ ಅದೇ ಹಾಡನ್ನು ಇಪ್ಪತ್ತೊಂದು ಕಡೆ ಹಾಡಿದೆವು. ಮೂರು ಊರಲ್ಲಿ ಇನ್ನೊಮ್ಮೆ ಹಾಡಿ ಅಂತ ಕೂರಿಸಿಕೊಂಡರು. ಈ ಹಾಡುಗಳ ಪುಸ್ತಕ ಎರಡನೇ ಮುದ್ರಣಕ್ಕೆ ಹೋಗಿದೆ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾನು ಗದಗ-ಬೆಟಗೇರಿಯವನು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಸಭೆಗೆ, ಅಂದರೆ ನಮ್ಮ ಚರ್ಚಿಗೆ, ಹಾಡು ಬರೆಯಲು ಶುರುಮಾಡಿ ಇಪ್ಪತ್ತು ವರ್ಷ ಆಯಿತು. ಪಲ್ಲವಿ, ಚರಣ, ಟ್ರ್ಯಾಕು, ಮಿಕ್ಸಿಂಗು ಇವೆಲ್ಲ ಓದುವವರಿಗೆ ಗೊತ್ತಿರುತ್ತದೆ. ಅದಕ್ಕೆ ಹೋಗುವುದಿಲ್ಲ.

ಮೊದಲು ಸೋತ ಕಥೆ. 2011ರಲ್ಲಿ ಎಂಟು ಹಾಡಿನ ಸಿಡಿ ಮಾಡಿದೆ. ಟ್ಯೂನ್ ಮೊದಲು, ಮಾತು ಆಮೇಲೆ. ಟ್ಯೂನ್ ನನ್ನದೇ, ಆದರೆ ಇಂಗ್ಲಿಷ್ ಆರಾಧನೆ ಹಾಡುಗಳ ಅಚ್ಚಿನಲ್ಲಿ ಎರಕ ಹೊಯ್ದದ್ದು. ಸ್ಟುಡಿಯೋ, ಕೀಬೋರ್ಡಿನವರು, ಮಿಕ್ಸಿಂಗು, ಸಾವಿರ ಸಿಡಿ, ಕವರು ಎಲ್ಲ ಸೇರಿ ಸುಮಾರು 90 ಸಾವಿರ. ಅದರಲ್ಲಿ 50 ಸಾವಿರ ನಮ್ಮ ಮನೆಯವರ ಪಾಟ್ಲಿ ಬಳೆ ಒತ್ತೆಯಿಟ್ಟು ತಂದದ್ದು. ಸಿಡಿಗೆ 60 ರೂಪಾಯಿ. ಮಾರಾಟವಾದದ್ದು ನೂರೈವತ್ತೋ ನೂರಅರವತ್ತೋ. ಪಾಟ್ಲಿ ಬಿಡಿಸಲು ಮೂರು ವರ್ಷ ಹಿಡಿಯಿತು. ಆ ಮೂರು ವರ್ಷ ಮದುವೆ-ಮುಂಜಿಗೆ ಅವಳು ಬರಿ ಗಾಜಿನ ಬಳೆಯಲ್ಲೇ ಬಂದಳು. ಒಂದು ದಿನವೂ ಅಂದು ಆಡಲಿಲ್ಲ. ಅದು ನನಗೆ ಇನ್ನೂ ಜಾಸ್ತಿ ಚುಚ್ಚುತ್ತಿತ್ತು.

ಯಾಕೆ ಸೋತಿತು ಅನ್ನುವುದನ್ನು ನರೇಗಲ್ಲಿನ ಒಬ್ಬ ಅಜ್ಜ ಒಂದೇ ಮಾತಲ್ಲಿ ಹೇಳಿದರು. ಒಂದು ಹಾಡಿನ ಪಲ್ಲವಿಯಲ್ಲಿ 'ನಿನ್ನ ಮರಣ' ಅಂತ ಇತ್ತು. ಟ್ಯೂನಿನಲ್ಲಿ ಅಲ್ಲಿಗೆ ಸರಿಯಾಗಿ ಉದ್ದ ಸ್ವರ. ಹಾಡುವಾಗ ಅದು 'ಮಾರಣ' ಆಗುತ್ತಿತ್ತು. ನಾವು ಗಮನಿಸಿಯೇ ಇರಲಿಲ್ಲ. ಅಜ್ಜ ಹತ್ತಿರ ಕರೆದು, "ತಮ್ಮಾ, ಯೇಸುಸ್ವಾಮೀದು ಮರಣ. ಮಾರಣ ಅಂದ್ರ ಮಾಟಾ ಮಾಡಿ ಕೊಲ್ಲೂದು" ಅಂದರು. ಆ ರಾತ್ರಿ ಎಂಟೂ ಹಾಡನ್ನು ಕೂತು ಕೇಳಿದೆ. ಕರುಣೆ ಕಾರುಣೆ ಆಗಿದೆ. ಕುರಿ ಕೂರಿ ಆಗಿದೆ. ಹ್ರಸ್ವ ಇದ್ದಲ್ಲಿ ಎಳೆದಿದ್ದೆ, ದೀರ್ಘ ಇದ್ದಲ್ಲಿ ನುಂಗಿದ್ದೆ. ಕನ್ನಡದ ಕಿವಿಗೆ ಇದು ಕಲ್ಲು ಕಡಿದ ಹಾಗೆ, ಅಲ್ವಾ? ಕನ್ನಡ ಮಾಸ್ತರನಾಗಿ ಇದನ್ನು ಬೇರೆಯವರಿಂದ ಕೇಳಬೇಕಾಯಿತು.

ಅಲ್ಲಿಂದ ಮೂರ್ನಾಲ್ಕು ವರ್ಷ ಹೊಸದೇನೂ ಬರೆಯಲಿಲ್ಲ. ಆಮೇಲೆ ಹುಬ್ಬಳ್ಳಿಯ ಗೆಳೆಯನೊಬ್ಬ ಆಂಡ್ರ್ಯೂ ಪೀಟರ್ಸನ್ ಹಾಡುಗಳನ್ನು ಕೇಳಿಸಿದ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿರುವ ಹಾಡುಗಾರ, ಸಭಾಪಾಲಕರೊಬ್ಬರ ಮಗ. ಕಂಪನಿಯೊಂದರ ಮೂಲಕ 2000ದಲ್ಲಿ ಮೊದಲ ಆಲ್ಬಂ ಬಂತು. ನನ್ನನ್ನು ಹಿಡಿದದ್ದು ಅವರ ಕ್ರಿಸ್ಮಸ್ ಹಾಡುಗಥೆ. ಅದು ಗೋದಲಿಯಿಂದ ಶುರುವಾಗುವುದಿಲ್ಲ. ಮೋಶೆ, ಪಸ್ಕ ಹಬ್ಬ, ದಾವೀದ ಅಂತ ಹಳೇ ಒಡಂಬಡಿಕೆಯಿಂದ ನಡೆದುಕೊಂಡು ಬೇತ್ಲೆಹೇಮಿಗೆ ಬರುತ್ತದೆ. ಅದರಲ್ಲಿ ಒಂದು ಹಾಡು ಪೂರ್ತಿ ಮತ್ತಾಯನ ವಂಶಾವಳಿ. ಬರೀ ಹೆಸರು! ಅದನ್ನು ಕೇಳಿದಾಗ ಎದೆ ಹೊಡೆದುಕೊಂಡಿತು. ಇದು ನಮ್ಮಲ್ಲಿ ಯಾಕಾಗಬಾರದು?

ಅವರಿಂದ ಎರಡು ವಿಷಯ ತೆಗೆದುಕೊಂಡೆ. ಒಂದು, ಆ ಹಾಡುಗಥೆಯನ್ನು ಅವರು ಕೆಲವು ವರ್ಷ ಊರೂರು ಹಾಡಿ, ಆಮೇಲೆ 2004ರಲ್ಲಿ ರೆಕಾರ್ಡ್ ಮಾಡಿದರು. ನಾವು ಮಾಡುವುದು ಉಲ್ಟಾ. ಮೊದಲು ಸಿಡಿ, ಆಮೇಲೆ ಹಾಡಲು ಜಾಗ ಹುಡುಕುವುದು. ಎರಡನೆಯದು, ಅವರು ಮಕ್ಕಳ ಕಾದಂಬರಿಗಳನ್ನೂ ಬರೆದಿದ್ದಾರೆ. ಮೊದಲನೆಯದು 2008ರಲ್ಲಿ ಬಂತು. ನಾಲ್ಕನೆಯದು 2014ರಲ್ಲಿ ಬಂದದ್ದು ಓದುಗರು ಮುಂಗಡ ಕಟ್ಟಿದ ದುಡ್ಡಿನಿಂದ. ಟ್ಯೂನ್ ಮಾತ್ರ ಮುಟ್ಟಲಿಲ್ಲ. ಅದು ಅವರ ಹಳ್ಳಿಗಾಡಿನ ಧಾಟಿ. ನನ್ನ ಹಳ್ಳಿಗಾಡು ಬೇರೆ.

ಗದುಗಿನವನಾಗಿ ಛಂದಸ್ಸು ಅಂದರೆ ಮೊದಲು ಕೈ ಹೋಗುವುದು ಭಾಮಿನಿ ಷಟ್ಪದಿಗೆ, ಕುಮಾರವ್ಯಾಸ ಭಾರತ ಬರೆದ ಆರು ಸಾಲಿನ ಪದ್ಯಕ್ಕೆ. ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸ ಕೂತು ಬರೆದ ಅನ್ನುವ ಕಂಬ ನಮ್ಮ ಮನೆಯಿಂದ ಸೈಕಲ್ ದೂರ. ಲೆಕ್ಕವೂ ಆಸೆ ಹುಟ್ಟಿಸುವ ಹಾಗಿತ್ತು. ಮತ್ತಾಯ ಹದಿನಾಲ್ಕು ತಲೆಮಾರಿನ ಮೂರು ಕಂತು ಮಾಡುತ್ತಾನೆ. ಭಾಮಿನಿಯ ಸಣ್ಣ ಸಾಲಿಗೂ ಹದಿನಾಲ್ಕೇ ಮಾತ್ರೆ. (ಮಾತ್ರೆ ಅಂದರೆ ಉಚ್ಚಾರದ ಅಳತೆ: ಹ್ರಸ್ವಕ್ಕೆ ಒಂದು, ಅದು ಲಘು; ದೀರ್ಘಕ್ಕೆ ಎರಡು, ಅದು ಗುರು.) "ಷಟ್ಪದಿ ಸಭೆಗೆ ಒಗ್ಗೂದಿಲ್ಲ" ಅಂದವರಿಗೆ ಕಿಟೆಲ್ ಸಾಹೇಬರನ್ನು ತೋರಿಸಿದೆ. ಅವರ ಕನ್ನಡ ನಿಘಂಟು 1894ರದು, ಅದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲೇ, 1862ರಲ್ಲಿ, ಯೇಸುವಿನ ಕಥೆಯನ್ನು ಕನ್ನಡದ ಧಾಟಿಯಲ್ಲಿ 'ಕಥಾಮಾಲೆ' ಅಂತ ಬರೆದವರು ಅವರು. ನಮ್ಮ ಸಭೆಗಳೇ ಅದನ್ನು ಮರೆತಿವೆ.

ಆದರೆ ಭಾಮಿನಿ ಕೈಕೊಟ್ಟಿತು. ಮೂರು-ನಾಲ್ಕು, ಮೂರು-ನಾಲ್ಕು ಅಂತ ನಡೆಯುವ ಲಯಕ್ಕೆ ಈ ಹೆಸರುಗಳು ಬಗ್ಗುವುದೇ ಇಲ್ಲ. ಯಾಕೋಬ ಐದು ಮಾತ್ರೆ. ನಾಲ್ಕಕ್ಕೆ ನಿಲ್ಲಿಸಿದರೆ 'ಯಾಕೋ' ಅಂತ ನಿಂತು, 'ಬ' ಮುಂದಿನ ಗಣಕ್ಕೆ, ಅಂದರೆ ಮಾತ್ರೆಗಳ ಮುಂದಿನ ಗುಂಪಿಗೆ, ಹೋಗುತ್ತದೆ. ಮಕ್ಕಳಿಗೆ ಕಲಿಸಲು ಹೋದರೆ 'ಯಾಕೋ, ಬಾ' ಅಂತ ಒಬ್ಬರನ್ನೊಬ್ಬರು ಕರೆದು ನಗಲು ಶುರು. ಆರು ತಿಂಗಳ ಕೆಲಸ, ಒಂದು ಇನ್ನೂರು ಪುಟದ ನೋಟ್‌ಬುಕ್ಕು, ಎಲ್ಲ ಪಕ್ಕಕ್ಕಿಟ್ಟೆ.

ದಾರಿ ಸಿಕ್ಕಿದ್ದು ಕ್ಲಾಸಿನಲ್ಲಿ. ಜೈಮಿನಿ ಭಾರತದ ಒಂದು ಪದ್ಯ ಹಾಡಿ ತೋರಿಸುತ್ತಿದ್ದೆ. ವಾರ್ಧಕ ಷಟ್ಪದಿ, ಐದೈದು ಮಾತ್ರೆ. ಕೈ ಮೇಜಿನ ಮೇಲೆ ತಕ ತಕಿಟ, ತಕ ತಕಿಟ ಬಡಿಯುತ್ತಿತ್ತು. ಬಾಯಲ್ಲಿ ಲಕ್ಷ್ಮೀಶನ ಪದ್ಯ, ತಲೆಯೊಳಗೆ ಯಾಕೋಬ. ಯಾಕೋಬ ಐದು. ಓಬೇದ ಐದು. ದಾವೀದ ಐದು. ಪಾಠ ಅಲ್ಲಿಗೇ ನಿಲ್ಲಿಸಿ ಬೋರ್ಡಿನ ಮೇಲೆ ಬರೆದೆ:

ಅಬ್ರಹಾಂ ಇಸಾಕನು ಯಾಕೋಬ ಯೂದನೂ

ಐದು, ಐದು, ಐದು, ಐದು. ಇಪ್ಪತ್ತು ಮಾತ್ರೆ, ಒಂದೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ವಾರ್ಧಕದ ಸಾಲು ತಾನಾಗೇ ಬಂದು ಕೂತಿತ್ತು.

ಖುಷಿ ಒಂದು ವಾರ ಇತ್ತು. ನಿವೃತ್ತರಾದ ಹಿರಿಯ ಕನ್ನಡ ಮಾಸ್ತರೊಬ್ಬರು ನೋಡಿ, ಇಸಾಕ ಲಘುವಿನ ಮೇಲೆ ಗುರು ಇಟ್ಟುಕೊಂಡು ಶುರುವಾಗುತ್ತಾನೆ, ಷಟ್ಪದಿಯ ಗಣ ಹಾಗೆ ಶುರುವಾಗಬಾರದು ಅಂದರು. ನಾನು ವಾದ ಮಾಡಿದೆ. ತಬಲಾದವನ ಜೊತೆ ಕೂತಾಗ ಗೊತ್ತಾಯಿತು, ಅವರ ಮಾತು ನಿಜ. ಅಲ್ಲಿ ಬಂದಾಗಲೆಲ್ಲ ಪೆಟ್ಟು ಜಾರುತ್ತಿತ್ತು. ಹತ್ತು ಹನ್ನೊಂದು ದಿನ ಒದ್ದಾಡಿ ಅದನ್ನು ಸರಿಮಾಡಿದೆ. ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಹಾಡು ಕೇಳಿದರೆ ಬಲ್ಲವರಿಗೆ ಸಿಗುತ್ತದೆ. ಸಾಲುಸಾಲಿನ ಎರಡನೇ ಅಕ್ಷರ ಹೊಂದಿಸುವ ಆದಿಪ್ರಾಸ ಮಾತ್ರ ಹೆಸರಿನ ಸಾಲುಗಳಲ್ಲಿ ಬಿಟ್ಟುಬಿಟ್ಟೆ. ಹೆಸರು ತಿರುಚಲು ನನಗೆ ಮನಸ್ಸಾಗಲಿಲ್ಲ.

ಇಡೀ ಕೆಲಸದಲ್ಲಿ ನನಗೆ ಹೆಮ್ಮೆ ಇರುವುದು ಮುಂದಿನ ಸಾಲಿನ ಬಗ್ಗೆ. ಆ ವಂಶಾವಳಿಯಲ್ಲಿ ಐದು ಜನ ಹೆಂಗಸರು ಬರುತ್ತಾರೆ. ತಾಮಾರ ಐದು ಮಾತ್ರೆ, ರಾಹಾಬ ಐದು. ರೂತಳೂ, ಮರಿಯಳೂ ಅಂದರೆ ಅವೂ ಐದೈದು. ಇನ್ನೊಬ್ಬಳ ಹೆಸರನ್ನು ಮತ್ತಾಯ ಹೇಳುವುದಿಲ್ಲ, 'ಊರೀಯನ ಹೆಂಡತಿ' ಅಂತಷ್ಟೇ. ನಾನು ಏನು ಮಾಡಿದೆ ಅಂದರೆ, ರೂತಳು ಆದ ಮೇಲೆ ಐದು ಮಾತ್ರೆ ಖಾಲಿ ಬಿಟ್ಟೆ. ತಬಲಾ ನಿಲ್ಲುತ್ತದೆ. ಹಾರ್ಮೋನಿಯಂನ ಷಡ್ಜ, 'ಸ' ಸ್ವರ, ಒಂದೇ. ಆಮೇಲೆ ಮರಿಯಳು. ಸಾಲು ಇಪ್ಪತ್ತೈದಕ್ಕೆ ಹೋಗುತ್ತದೆ, ಷಟ್ಪದಿ ಮುರಿಯುತ್ತದೆ. ಆ ಹಿರಿಯರು ಇದಕ್ಕೂ ಒಪ್ಪಲಿಲ್ಲ. ಈ ಸಲ ನಾನು ಬದಲಿಸಲಿಲ್ಲ. ರೋಣದ ಒಂದು ಮನೆಯಲ್ಲಿ ಹಾಡಿದಾಗ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮ ಒಬ್ಬರು, "ಆಕೀ ಹೆಸರು ಯಾಕ ಬಿಟ್ರಿ?" ಅಂತ ಕೇಳಿದರು. ಆ ಊರೀಯನ ಹೆಂಡತಿ ಬತ್ಷೆಬೆಯ ಕಥೆ ಹೇಳಿದೆ: ದಾವೀದ ರಾಜ ಅವಳನ್ನು ಕರೆಸಿಕೊಂಡು, ಆಮೇಲೆ ಅವಳ ಗಂಡನನ್ನು ಯುದ್ಧದಲ್ಲಿ ಕೊಲ್ಲಿಸಿದ್ದು. ಅವರು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಆವತ್ತಿನಿಂದ ಆ ಖಾಲಿ ಜಾಗವನ್ನು ಒಂದು ಮಾತ್ರೆಯೂ ಕಡಿಮೆ ಮಾಡಿಲ್ಲ.

ಈಗ ದುಡ್ಡಿನ ಮಾತು. ವಂಶಾವಳಿಯ ಜೊತೆ ಬೇರೆ ಹಾಡುಗಳೂ ಸೇರಿ ಹನ್ನೊಂದು ಹಾಡು, ಒಂದು ತಾಸಿನ ಹಾಡುಗಥೆ. 2016ರ ಡಿಸೆಂಬರಿನಲ್ಲಿ ಆರು ಮನೆಗಳಲ್ಲಿ ಹಾಡಿದೆವು. ಪೆಟ್ರೋಲು, ಚಹಾ, ತಬಲಾದವನ ಕೈಗೆ ಸ್ವಲ್ಪ, ಎಲ್ಲ ಹೋಗಿ ನಾಲ್ಕು ಸಾವಿರ ಕೈಯಿಂದ ಹೋಯಿತು. 2019ರ ಹೊತ್ತಿಗೆ ಹದಿನೇಳು ಕಡೆ. ಒಂದೊಂದು ಕಡೆ 500ರಿಂದ 2,000ದವರೆಗೆ ಕವರಿನಲ್ಲಿ ಕೊಡುತ್ತಿದ್ದರು. 2020ರಲ್ಲಿ ಎಲ್ಲ ಬಂದ್. 2021ರಲ್ಲಿ ಸ್ಟುಡಿಯೋಗೆ ಹೋದಾಗ ಎರಡೇ ದಿನ ಸಾಕಾಯಿತು. ನಾಲ್ಕು ವರ್ಷ ಹಾಡಿ ಹಾಡಿ ಎಲ್ಲರಿಗೂ ಬಾಯಿಪಾಠ. ಖರ್ಚು 34 ಸಾವಿರದ ಆಸುಪಾಸು. ಹಿಂದಿನ 90 ಸಾವಿರದ ಜೊತೆ ಹೋಲಿಸಿ ನೋಡಿ.

ನಡುವೆ ಒಂದು ಪ್ರಯೋಗ ಮಾಡಿದ್ದೆ. ಕೀತ್ ಗ್ರೀನ್ ಅಂತ ಇನ್ನೊಬ್ಬ ಅಮೆರಿಕದ ಹಾಡುಗಾರ ಇದ್ದರು. 1982ರಲ್ಲಿ ವಿಮಾನ ಬಿದ್ದು, ಮೂವತ್ತೂ ತುಂಬದೆ ಹೋದರು. ಅವರು 1980ರಲ್ಲಿ ಮನೆ ಅಡವಿಟ್ಟು ಆಲ್ಬಂ ಮಾಡಿ, ಕೈಲಾದಷ್ಟು ಕೊಟ್ಟು ತಗೊಳ್ಳಿ ಅಂದರು. ಎರಡು ಲಕ್ಷಕ್ಕೂ ಮೇಲೆ ಪ್ರತಿ ಹೋಯಿತು, ಅದರಲ್ಲಿ 61 ಸಾವಿರ ಪುಕ್ಕಟೆ. ನಾನೂ ಮುನ್ನೂರು ಪೆನ್‌ಡ್ರೈವ್ ಮಾಡಿ ಸಭೆಯ ಬಾಗಿಲಲ್ಲಿ ಡಬ್ಬಿ ಇಟ್ಟೆ. ಪೆನ್‌ಡ್ರೈವಿಗೇ 50 ಸಾವಿರದ ಹತ್ತಿರ ಆಗಿತ್ತು. ಡಬ್ಬಿಯಲ್ಲಿ ಸಿಕ್ಕಿದ್ದು 9 ಸಾವಿರ. ಜನ ಕೆಟ್ಟವರಲ್ಲ. ಡಬ್ಬಿ ಕಂಡರೆ ಕಾಣಿಕೆ ಅಂದುಕೊಳ್ಳುತ್ತಾರೆ, ಹತ್ತಿಪ್ಪತ್ತು ಹಾಕುತ್ತಾರೆ. ಹಾಡು ಪುಕ್ಕಟೆ ಕೊಡಬೇಕಾದರೆ ಯೂಟ್ಯೂಬಿಗೆ ಹಾಕಿ, ಖರ್ಚಿಲ್ಲ. ಪೆನ್‌ಡ್ರೈವ್ ಮಾತ್ರ ಬೇಡ.

ಇನ್ನೊಂದು ಪ್ರಯೋಗ ಗೆದ್ದಿತು. ಬೇತ್ಲೆಹೇಮಿನ ಕುರುಬರ ಹಾಡಿಗೆ ನಮ್ಮ ಕುರುಬರ ಡೊಳ್ಳನ್ನೇ ಕರೆಸಿದೆ. ಮನೆಯೊಳಗೆ ಬಾರಿಸಿದರೆ ಗೋಡೆ ನಡುಗಿ ಮಗು ಅತ್ತಿತು. ಅಂಗಳಕ್ಕೆ ಹಾಕಿದೆವು. ಈಗ ಆ ಹಾಡು ಬಂದಾಗ ಒಳಗಿದ್ದವರೆಲ್ಲ ಎದ್ದು ಹೊರಗೆ ಬರುತ್ತಾರೆ, ಬಯಲಲ್ಲಿ ನಿಂತು ಕೇಳುತ್ತಾರೆ. ಕುರುಬರಿಗೆ ಸುದ್ದಿ ಬಂದದ್ದೂ ಬಯಲಲ್ಲೇ.

ಪುಸ್ತಕದ ಬಗ್ಗೆ ಎಲ್ಲರೂ ಬೇಡ ಅಂದಿದ್ದರು. ಹಾಡಿನ ಪುಸ್ತಕಕ್ಕೆ ಯಾರೂ ದುಡ್ಡು ಕೊಡಲ್ಲ, ಫೋಟೋ ಹೊಡೆದುಕೊಳ್ಳುತ್ತಾರೆ ಅಂತ ಒಬ್ಬ ಪ್ರಕಾಶಕರು ಸೀದಾ ಹೇಳಿದರು. ಅದಕ್ಕೇ ಬರೀ ಸಾಹಿತ್ಯ ಹಾಕಲಿಲ್ಲ. ಒಂದೊಂದು ಹಾಡಿನ ಹಿಂದಿನ ಕಥೆ, ಸೋತ ಸಾಲುಗಳು, ಸ್ವರಲಿಪಿ ಸೇರಿ 128 ಪುಟ. ಐನೂರು ಪ್ರತಿಗೆ ಪ್ರೆಸ್ಸಿನವರು 42 ಸಾವಿರ ಅಂದರು. ಹೋದಲ್ಲೆಲ್ಲ ಒಂದು ನೋಟ್‌ಬುಕ್ ಇಟ್ಟೆ. ಹೆಸರು ಬರೆಯಿರಿ, 150 ರೂಪಾಯಿ ಕೊಡಿ, ಕ್ರಿಸ್ಮಸ್ಸಿಗೆ ಪುಸ್ತಕ ಕೈಗೆ. 2022ರ ದೀಪಾವಳಿಗೆ ಮುನ್ನೂರಕ್ಕೂ ಮೇಲೆ ಹೆಸರು ಬಂದಿದ್ದವು. ಪ್ರೆಸ್ಸಿಗೆ ಕಾಲಿಡುವ ಮೊದಲೇ ಅಚ್ಚಿನ ದುಡ್ಡು ಕೈಯಲ್ಲಿತ್ತು. ಯಾವ ಹಾಡು ಮುಗಿದ ಮೇಲೆ ಆ ನೋಟ್‌ಬುಕ್ ತೆಗೆಯಬೇಕು ಅನ್ನುವುದು ನನ್ನ ಗುಟ್ಟು, ಅದನ್ನು ಬಿಟ್ಟುಕೊಡುವುದಿಲ್ಲ. ಶುರುವಿನಲ್ಲೂ ಅಲ್ಲ, ಕೊನೆಯಲ್ಲೂ ಅಲ್ಲ, ಅಷ್ಟು ಹೇಳುತ್ತೇನೆ.

ಮೊದಲ ಪ್ರತಿ ಯಾರಿಗೆ ಕೊಟ್ಟೆ ಅಂತ ಬೇರೆ ಹೇಳಬೇಕಿಲ್ಲ. ಅವಳು ಅದನ್ನು ಪಾಟ್ಲಿ ಇಡುವ ಡಬ್ಬಿಯ ಪಕ್ಕದಲ್ಲೇ ಇಟ್ಟಿದ್ದಾಳೆ.

ಈಗ ರೂತಳ ಕಥೆಯನ್ನು ತ್ರಿಪದಿಯಲ್ಲಿ ಬೀಸುಕಲ್ಲಿನ ಧಾಟಿಗೆ ತರಲು ಕೂತಿದ್ದೇನೆ. ಅವಳ ಗಂಡ ಬೋವಜ ನಾಲ್ಕೇ ಮಾತ್ರೆ, ಇನ್ನೂ ಸರಿಯಾಗಿ ಕೂರುತ್ತಿಲ್ಲ. ಈ ಸಲದ ಡಿಸೆಂಬರಿನ ಮೊದಲ ಮನೆ ನರೇಗಲ್ಲಿನ ಆ ಅಜ್ಜನದು. ಅವರಿಗೆ ಈಗ ಕಿವಿ ಮಂದ. ಹಾರ್ಮೋನಿಯಂ ಪಕ್ಕಕ್ಕೇ ಅವರ ಕುರ್ಚಿ ಹಾಕುತ್ತೇವೆ.