ಫಾಸ್ಫೇಟ್ ಹಾಕಿಯೇ ಹವಳದ ಬಣ್ಣ ವಾಪಸ್ ತಂದೆ: ನನ್ನ ಅನುಭವ

ಟೆಕ್ಸಸ್‌ನ ಪ್ಲೇನೋ, ಫ್ರಿಸ್ಕೊ ಕಡೆ ಮನೆಯಲ್ಲಿ ರೀಫ್ ಟ್ಯಾಂಕ್ (ಜೀವಂತ ಹವಳ ಸಾಕುವ ಉಪ್ಪುನೀರಿನ ತೊಟ್ಟಿ) ಇಟ್ಟಿರುವ ಕನ್ನಡದವರು ಬೆರಳೆಣಿಕೆಯಷ್ಟೇ. ಅಷ್ಟರಲ್ಲೇ ನನಗೊಂದು ಅಡ್ಡಹೆಸರು ಬಿದ್ದಿತ್ತು: ಗೊಬ್ಬರದ ರಾಯರು. ಪಾಚಿ ಬೆಳೆಸುತ್ತದೆ ಅಂತ ಎಲ್ಲರೂ ಟ್ಯಾಂಕಿನಿಂದ ಫಾಸ್ಫೇಟ್ ತೆಗೆಯೋಕೆ ದುಡ್ಡು ಸುರಿಯುತ್ತಿದ್ದಾಗ ನಾನು ಡೋಸಿಂಗ್ ಪಂಪ್ ಇಟ್ಟು ಅದನ್ನೇ ಒಳಗೆ ಬಿಡುತ್ತಿದ್ದೆ. ಈಗ ಅದೇ ಮಂದಿ ನನ್ನ ನೀಲಿ ಹವಳ ಓರೆಗಾನ್ ಟಾರ್ಟ್‌ನ ತುಂಡಿಗೆ ಹೆಸರು ಬರೆಸಿ ಕಾಯುತ್ತಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಟ್ಯಾಂಕು 4x2x2 ಅಡಿಯದು, 120 ಗ್ಯಾಲನ್. ಕಲ್ಲಿನ ಜಾಗ ಕಳೆದು ಸಂಪಿನ (ಟ್ಯಾಂಕಿನ ಜೊತೆಗಿರುವ ಫಿಲ್ಟರ್ ತೊಟ್ಟಿಯ) ನೀರು ಸೇರಿಸಿದರೆ ಹತ್ತಿರ ಹತ್ತಿರ 450 ಲೀಟರ್. ಶುರು ಮಾಡಿದ್ದು ಪೂರ್ತಿ ಒಣ ಕಲ್ಲಿನಿಂದ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಒಳಗಿರೋದು ಬಹುಪಾಲು ಅಕ್ರೊಪೊರ, ಸ್ವಲ್ಪ ಮಾಂಟಿಪೊರ, ಎರಡೂ ಗಟ್ಟಿ ಹವಳಗಳೇ. ಎರಡನೇ ವರ್ಷಕ್ಕೆ ಕಾಲಿಟ್ಟಾಗ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ, ಗಾಜು ಒರೆಸಬೇಕಾದದ್ದು ವಾರಕ್ಕೊಮ್ಮೆ. ನೋಡಿದವರೆಲ್ಲ ಭೇಷ್ ಅಂದರು.

ಮೊದಮೊದಲು ಬಣ್ಣ ಹೆಚ್ಚಿದಂತೆಯೇ ಕಂಡಿತು. ಗ್ರೀನ್ ಸ್ಲೈಮರ್ ಅನ್ನುವ ಹಸಿರು ಹವಳ ನಿಯಾನ್ ದೀಪದ ಹಾಗೆ ಹೊಳೆಯುತ್ತಿತ್ತು. ಬ್ಲೀಚ್ ಆಗುವ ಕೆಲವು ಹವಳಗಳು ಬಿಳಿಯಾಗುವ ಬದಲು ಹೀಗೆ ಅತಿಯಾಗಿ ಹೊಳೆಯುತ್ತವೆ ಅಂತ 2020ರಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಮೈಯೊಳಗಿದ್ದು ಊಟ ಕೊಡುವ ಪಾಚಿ ಖಾಲಿಯಾದಾಗ ಹವಳ ತನ್ನದೇ ಬಣ್ಣದ ಪ್ರೋಟೀನು ಹೆಚ್ಚಿಸಿಕೊಳ್ಳುತ್ತದಂತೆ. ಫೋಟೊಗೆ ಚಂದ, ಹವಳಕ್ಕೆ ಅಪಾಯ. ಆಮೇಲಿನ ವಾರಗಳಲ್ಲಿ ಹಸಿರು ತೆಳುವಾಯಿತು, ನೀಲಿ ಬೂದಿಯಾಯಿತು, ರೆಡ್ ಪ್ಲಾನೆಟ್ ಅನ್ನುವ ಹವಳ ಕೆಂಪು ಬಿಟ್ಟು ಮಾಸಲು ಗುಲಾಬಿಗೆ ಬಂತು. ಪಾಲಿಪ್ (ಹವಳದ ಹೂವಿನಂಥ ಪುಟ್ಟ ಜೀವಿಗಳು) ಹೊರಗೆ ಬರುವುದೇ ನಿಂತಿತು. ತುದಿಗಳು ಸುಟ್ಟವು.

ಆಗ ಶುರುವಾಯಿತು ಖರ್ಚು. ಅಂಗಡಿಯವನೊಬ್ಬ ಹೊಸ ಜಿಎಫ್‌ಒ (ಫಾಸ್ಫೇಟ್ ಹೀರುವ ಕಬ್ಬಿಣದ ಹರಳು) ಹಾಕಿ ಅಂದ, ಹಾಕಿದೆ. ಸೊನ್ನೆ ಇದ್ದ ಫಾಸ್ಫೇಟ್ ಇನ್ನಷ್ಟು ಸೊನ್ನೆ! ಇನ್ನೊಬ್ಬರು ನೀರಿನ ಮೇಲೆ ಅನುಮಾನಪಟ್ಟರು. ನಮ್ಮ ಉತ್ತರ ಟೆಕ್ಸಸ್‌ನಲ್ಲಿ ನಲ್ಲಿ ನೀರಿಗೆ ಕ್ಲೋರಮೈನ್ ಹಾಕುತ್ತಾರೆ, ಮಾರ್ಚ್ ಬಂದರೆ ಕೆಲವು ವಾರ ಬರೀ ಕ್ಲೋರಿನ್‌ಗೆ ಬದಲಾಯಿಸುತ್ತಾರೆ. ಆದ್ದರಿಂದ ಅನುಮಾನ ತಪ್ಪಲ್ಲ. ನೀರಿನ ಫಿಲ್ಟರಿನ ಕಾರ್ಬನ್ ಬ್ಲಾಕ್, ಮೆಂಬ್ರೇನ್, ಡಿಐ ರೆಸಿನ್ ಎಲ್ಲ ಬದಲಾಯಿಸಿದೆ, ಇನ್ನೂರು ಡಾಲರ್ ಹತ್ತಿರ ಹೋಯಿತು. ನೀರಿನಲ್ಲಿ ಕರಗಿದ್ದು ಎಷ್ಟು ಅಂತ ಹೇಳುವ ಟಿಡಿಎಸ್ ಮೊದಲೂ ಸೊನ್ನೆ, ಆಮೇಲೂ ಸೊನ್ನೆ. ಹವಳ ಹಾಗೇ ಇತ್ತು. ಉಪ್ಪಿನ ಬ್ರ್ಯಾಂಡ್ ಬದಲಾಯಿತು. ಅಮೈನೊ ಆಸಿಡ್ ಬಾಟಲಿ ಬಂತು, ಇನ್ನೊಂದು ಕಂಪನಿಯದ್ದೂ ಬಂತು. ಹುಳು ಇರಬಹುದು ಅಂತ ಒಂದೊಂದೇ ಹವಳ ಕಿತ್ತು ಔಷಧಿ ನೀರಿನಲ್ಲಿ ಅದ್ದಿ ನೋಡಿದೆ. ಚಪ್ಪಟೆ ಹುಳುವೂ ಇಲ್ಲ, ಕಚ್ಚಿದ ಗುರುತೂ ಇಲ್ಲ. ಒಟ್ಟು ಸಾವಿರದ ಇನ್ನೂರು ಡಾಲರ್ ಆಸುಪಾಸು ನೀರಿಗೆ ಹೋಯಿತು, ಅಕ್ಷರಶಃ.

ಇದರ ನಡುವೆ ಡೈನೊ (ಡೈನೊಫ್ಲಾಜೆಲೇಟ್ ಅನ್ನುವ ಏಕಕೋಶ ಜೀವಿ) ಬಂತು. ಮರಳಿನ ಮೇಲೆ ಕಂದು ಲೋಳೆ, ಅದರಲ್ಲಿ ಗುಳ್ಳೆ. ಮಗಳ ಸ್ಕೂಲ್ ಪ್ರಾಜೆಕ್ಟಿಗೆ ತಂದಿದ್ದ ಮೈಕ್ರೊಸ್ಕೋಪಿನಲ್ಲಿ ನೋಡಿದರೆ ಒಂದು ಬಿಂದುವಿಗೆ ಕಟ್ಟಿಹಾಕಿದಂತೆ ಸುತ್ತುತ್ತಿತ್ತು. ಆಸ್ಟ್ರಿಯಾಪ್ಸಿಸ್ ಅನ್ನುವ ಜಾತಿ. ಇದು ರಾತ್ರಿ ನೀರಿಗೆ ತೇಲುತ್ತದೆ, ಹಾಗಾಗಿ ಯುವಿ ದೀಪ ಹಾಕಿ ಟ್ಯಾಂಕಿನ ನೀರನ್ನೇ ನೇರ ಅದರ ಮೂಲಕ ಓಡಿಸಿದೆ, ಇಳಿಯಿತು. ಆದರೆ ಒಂದು ಮಾತು ಅಲ್ಲೇ ಖಚಿತವಾಯಿತು. ಹೊಟ್ಟೆಗಿಲ್ಲದ ಟ್ಯಾಂಕಿನಲ್ಲಿ ಹಸಿರು ಪಾಚಿ ಬದುಕಲ್ಲ, ಆ ಖಾಲಿ ಜಾಗಕ್ಕೆ ಡೈನೊ ಬಂದು ಕೂರುತ್ತದೆ. ಅದನ್ನು ನೋಡಿದ ಮೇಲೆ ಸ್ವಚ್ಛ ಮಾಡುವ ಕೆಲಸವನ್ನೇ ಬಿಟ್ಟೆ.

ಜಿಎಫ್‌ಒ ಕಿತ್ತೆ. ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್ ಹಗಲು ಆಫ್. ಪೋಷಕಾಂಶ ಹೀರಲು ಬೆಳೆಸಿದ್ದ ಚೀಟೊ ಪಾಚಿ ಅರ್ಧ ತೆಗೆದು ಹಂಚಿದೆ. ಎಲ್‌ಇಡಿ ಇಳಿಸಿದೆ. ಕ್ಲಬ್ಬಿನಿಂದ ಬಾಡಿಗೆಗೆ ತಂದ ಪಾರ್ (ಹವಳಕ್ಕೆ ಸಿಗುವ ಬೆಳಕಿನ ಅಳತೆ) ಮೀಟರಿನಲ್ಲಿ ಮೇಲಿನ ಕಲ್ಲಿನ ಹತ್ತಿರ 420, 430 ಇದ್ದದ್ದನ್ನು 250ಕ್ಕೆ ತಂದೆ. ಆಲ್ಕ, ಅಂದರೆ ಡಿಕೆಎಚ್‌ನಲ್ಲಿ ಅಳೆಯುವ ನೀರಿನ ಕ್ಷಾರತೆ, 9.5 ಇತ್ತು, ದಿನಕ್ಕೆ 0.2 ಡಿಕೆಎಚ್‌ನಂತೆ ಇಳಿಸಿ 7.8ರಲ್ಲಿ ನಿಲ್ಲಿಸಿದೆ. ಪೋಷಕಾಂಶ ಇಲ್ಲದಿರುವಾಗ ಆಲ್ಕ ಮೇಲಿಟ್ಟರೆ ತುದಿ ಸುಡುತ್ತದೆ, ಇದಕ್ಕೆ ನನ್ನ ಟ್ಯಾಂಕೇ ಸಾಕ್ಷಿ.

ನೈಟ್ರೇಟ್‌ನದ್ದು ಸುಲಭ. ಸೋಡಿಯಂ ನೈಟ್ರೇಟ್ 0.6 ಗ್ರಾಂ ಹಾಕಿದರೆ ನನ್ನ ನೀರಿಗೆ 1 ಪಿಪಿಎಂ (ಲೀಟರಿಗೆ ಒಂದು ಮಿಲಿಗ್ರಾಂ) ಏರುತ್ತದೆ. ಕೆಲವೇ ವಾರದಲ್ಲಿ 7, 8ಕ್ಕೆ ಬಂತು, ಅಲ್ಲೇ ನಿಂತಿತು. ಫಾಸ್ಫೇಟ್ ಮಾತ್ರ ಆಟ ಆಡಿಸಿತು. ನೀರಿನ ಅಂಶ ಇಲ್ಲದ ಫುಡ್ ಗ್ರೇಡ್ ಟ್ರೈಸೋಡಿಯಂ ಫಾಸ್ಫೇಟ್ 5 ಗ್ರಾಂ ಒಂದು ಲೀಟರ್ ಆರ್‌ಓ ನೀರಿಗೆ. (ಹಾರ್ಡ್‌ವೇರ್ ಅಂಗಡಿಯಲ್ಲಿ ಟಿಎಸ್‌ಪಿ ಅಂತ ಸಿಗುವ ಗೋಡೆ ತೊಳೆಯುವ ಪುಡಿ ತರಬೇಡಿ, ಎಷ್ಟೋ ಡಬ್ಬಗಳಲ್ಲಿ ಫಾಸ್ಫೇಟೇ ಇರುವುದಿಲ್ಲ.) ಈ ದ್ರಾವಣ 8 ಎಂಎಲ್ ಹಾಕಿದರೆ ಲೆಕ್ಕದ ಪ್ರಕಾರ ಫಾಸ್ಫೇಟ್ 0.05 ಪಿಪಿಎಂ ಏರಬೇಕು. ಹಾಕಿ ಒಂದು ಗಂಟೆಗೆ ಹಾನ್ನಾ ಚೆಕ್ಕರ್ ಅನ್ನುವ ಅಳೆಯುವ ಯಂತ್ರದಲ್ಲಿ 14, 15 ಪಿಪಿಬಿ (ಪಿಪಿಎಂನ ಸಾವಿರದ ಒಂದು ಭಾಗ) ಫಾಸ್ಫರಸ್. ಫಾಸ್ಫೇಟ್ ಲೆಕ್ಕಕ್ಕೆ ತರಲು 3.066ರಿಂದ ಗುಣಿಸಿ ನೋಡಿ, ಲೆಕ್ಕ ಸರಿ. ಮರುದಿನ ಬೆಳಿಗ್ಗೆ 1. ಇನ್ನೊಂದು ದಿನ 0.

ಒಣ ಕಲ್ಲು ನೆನಪಿಟ್ಟುಕೊಳ್ಳಿ ಅಂದಿದ್ದು ಇದಕ್ಕೇ. ಅರಗೊನೈಟ್ ಅನ್ನುವ ಸುಣ್ಣದ ಕಲ್ಲು ಫಾಸ್ಫೇಟನ್ನು ಎಳೆದು ಮೈಗೆ ಹಚ್ಚಿಕೊಳ್ಳುತ್ತದೆ. ಕಲ್ಲಿನ ಹೊಟ್ಟೆ ತುಂಬುವವರೆಗೆ ನೀರಿನಲ್ಲಿ ಏನೂ ಉಳಿಯಲ್ಲ. ಗೆಳೆಯರಿಗೆ ಇದನ್ನು ಹೇಳಿದರೆ ನಗು. ಹಿರಿಯರೊಬ್ಬರು ಮನೆಗೇ ಬಂದು ನೋಡಿ, "ಏನ್ ಸ್ವಾಮಿ, ಇವತ್ತು ಕಲ್ಲು ಕುಡಿದಿದ್ದನ್ನ ನಾಳೆ ವಾಂತಿ ಮಾಡ್ಕೊಂಡ್ರೆ ಟ್ಯಾಂಕೆಲ್ಲ ಕೂದಲು ಪಾಚಿ ಆಗತ್ತಲ್ರೀ" ಅಂದರು. ಅವರು ಹೇಳಿದ್ದರಲ್ಲಿ ಅರ್ಥವಿದೆ, ನೀರಿನಲ್ಲಿ ಕಡಿಮೆಯಾದರೆ ಕಲ್ಲು ವಾಪಸ್ ಬಿಡುವುದೂ ನಿಜ. ಆದರೆ ನನಗೆ ಬೇಕಾಗಿದ್ದೂ ಅದೇ ಅಲ್ಲವೇ? ದಿನಕ್ಕೆ 16 ಎಂಎಲ್‌ಗೆ ಏರಿಸಿದೆ. ಎರಡು ತಿಂಗಳ ಮೇಲಾಯಿತು. ಪ್ರತಿ ಬೆಳಿಗ್ಗೆ ಪರೀಕ್ಷೆಯ ಗಾಜಿನ ಶೀಶೆ ಒರೆಸುವುದು, ಪುಡಿ ಕಲಕುವುದು, ಸೊನ್ನೆ ಬರೆದುಕೊಳ್ಳುವುದು. ಆಮೇಲೊಂದು ವಾರ 4 ಬಂತು, 9 ಬಂತು, 13. ಅಲ್ಲಿಗೆ ಡೋಸ್ ಕಾಲು ಭಾಗಕ್ಕೆ ಇಳಿಸಿದೆ. ಈಗ 15ರಿಂದ 20 ಪಿಪಿಬಿ ನಡುವೆ ಆಡುತ್ತಿದೆ, ಅಂದರೆ ಫಾಸ್ಫೇಟ್ 0.05, 0.06.

ಬಣ್ಣ ಬಂತಾ ಆಗ? ಇಲ್ಲ. ಹವಳಗಳೆಲ್ಲ ಕಂದಾದವು!

ಬಹಳ ಜನ ಕೈಬಿಡುವುದು ಇಲ್ಲೇ. ಮಾಸಿದ ಗುಲಾಬಿ, ಮಾಸಿದ ಹಸಿರು, ಎಲ್ಲ ಹೋಗಿ ಟ್ಯಾಂಕಿನ ತುಂಬ ಬರೀ ಕಂದು. ಗುಂಪಿನಲ್ಲಿ ನನ್ನ ಫೋಟೊ ಹಾಕಿ ತಮಾಷೆ ನಡೆಯಿತು. ನಾನು ನೋಡುತ್ತಿದ್ದದ್ದು ಬೇರೆ. ಪಾಲಿಪ್ ಹಗಲಲ್ಲೇ ಹೊರಗೆ ಬರುತ್ತಿತ್ತು, ಚರ್ಮ ದಪ್ಪಗಾಗಿತ್ತು, ಬುಡ ಕಲ್ಲಿನ ಮೇಲೆ ಹರಡಲು ಶುರುಮಾಡಿತ್ತು. ಆ ಕಂದು ಹವಳದೊಳಗಿನ ಪಾಚಿಯದೇ ಬಣ್ಣ. ಪಾಚಿ ಒಳಗೆ ಮನೆ ಮಾಡಿದ ಮೇಲೆ ಬೆಳಕು ಕೊಡಬಹುದು. ವಾರಕ್ಕೆ ಎರಡೋ ಮೂರೋ ಶೇಕಡದಂತೆ ಎಲ್‌ಇಡಿ ಏರಿಸಿದೆ, ಜಾಸ್ತಿ ನೇರಳೆ ಮತ್ತು ರಾಯಲ್ ಬ್ಲೂ. ಪಾರ್ 330 ದಾಟಿದ ಮೇಲೆ ಸ್ಲೈಮರ್ ಮೊದಲು ತಿರುಗಿತು, ತುದಿಯಿಂದ ಕೆಳಕ್ಕೆ. ಆಮೇಲೆ ಮಾಂಟಿಯ ಕಿತ್ತಳೆ. ತಿಳಿ ಬಣ್ಣವಲ್ಲ, ಗಾಢ ಬಣ್ಣ.

ಅನುಮಾನ ಬೇಡ ಅಂತ ಪಕ್ಕದಲ್ಲೊಂದು ಪ್ರಯೋಗವನ್ನೂ ಮಾಡಿದ್ದೆ. ಮಿಲೆಪೊರ ಅನ್ನುವ ಒಂದೇ ಅಕ್ರೊಪೊರದ ತುಂಡುಗಳನ್ನು ಒಂದೇ ರ್‍ಯಾಕಿನಲ್ಲಿ ಕೂರಿಸಿ, ಅರ್ಧಕ್ಕೆ ಕಿಟಕಿಯ ಸೊಳ್ಳೆ ಜಾಲರಿ ಮುಚ್ಚಿದೆ. ನೀರು ಅದೇ, ಫಾಸ್ಫೇಟ್ ಅದೇ. ಜಾಲರಿ ಕೆಳಗಿನವು ಕಂದಾಗಿಯೇ ಉಳಿದವು, ಹೊರಗಿನವು ಗುಲಾಬಿಗೆ ಬಂದವು. ಅಂದರೆ ಊಟ ಒಂದೇ ಸಾಲದು, ಬೆಳಕೂ ಬೇಕು. ಬೆಳಕೊಂದೇ ಸಾಲದು ಅನ್ನುವುದನ್ನು ಮೊದಲೇ ನೋಡಿದ್ದೆ. ಇನ್ನೊಂದು ಪ್ರಯೋಗ ಅಡುಗೆಮನೆಯಲ್ಲಿ ಆಗಿದ್ದು. ಸೀಗಡಿ, ಚಿಪ್ಪಿನ ಮಾಂಸ, ನೋರಿ (ಒಣಗಿಸಿದ ಕಡಲ ಪಾಚಿ) ಎಲ್ಲ ಹಾಕಿ ಹವಳಕ್ಕೆ ಊಟ ರುಬ್ಬಿದೆ, ನಮ್ಮ ಚಟ್ನಿ ಮಿಕ್ಸಿಯಲ್ಲಿ. ನಮ್ಮದು ಶುದ್ಧ ಸಸ್ಯಾಹಾರಿ ಮನೆ. ಮನೆಯವಳು ಎರಡು ದಿನ ಮಾತಾಡಲಿಲ್ಲ, ಹೊಸ ಜಾರ್ ತರಿಸಬೇಕಾಯಿತು. ಅದರ ಖರ್ಚನ್ನೂ ಟ್ಯಾಂಕಿನ ಲೆಕ್ಕಕ್ಕೇ ಬರೆದಿದ್ದೇನೆ. ಊಟದಿಂದ ಮೀನುಗಳು ದಪ್ಪಗಾದವು, ಫಾಸ್ಫೇಟ್ ಅಲುಗಲಿಲ್ಲ.

ಓರೆಗಾನ್ ಟಾರ್ಟ್ ಮಾತ್ರ ಬೂದಿಯಾಗಿಯೇ ಇತ್ತು. ಎಲ್ಲದಕ್ಕೂ ಬಣ್ಣ ಬಂದು ನೀಲಿಯೊಂದೇ ಬರದಿದ್ದರೆ ಪೊಟ್ಯಾಸಿಯಂ ನೋಡಿ ಅನ್ನುವುದು ಹಳಬರ ಮಾತು. ಐಸಿಪಿ ಅನ್ನುವ ಲ್ಯಾಬ್ ಪರೀಕ್ಷೆಗೆ ಐವತ್ತು ಡಾಲರ್ ತೆತ್ತು ನೀರು ಕಳಿಸಿದೆ. 330 ಪಿಪಿಎಂ ಆಸುಪಾಸು ಬಂತು. ಸಮುದ್ರದಲ್ಲಿ 390, 400 ಇರುತ್ತದೆ. 50 ಗ್ರಾಂ ಪೊಟ್ಯಾಸಿಯಂ ಕ್ಲೋರೈಡನ್ನು ಹತ್ತು ದಿನಕ್ಕೆ ಹಂಚಿ ಹಾಕಿದೆ. ಪುಡಿಗೆ ಹತ್ತು ಡಾಲರೂ ಆಗಲಿಲ್ಲ. ತಿಂಗಳು ಒಪ್ಪತ್ತಿನಲ್ಲಿ ನೀಲಿ ಬಂತು. ಪೊಟ್ಯಾಸಿಯಂನಿಂದಲೇ ಬಂತು ಅಂತ ಆಣೆ ಮಾಡಲಾರೆ, ಅಷ್ಟರಲ್ಲಿ ಇನ್ನೊಂದು ಕೆಲಸವನ್ನೂ ಶುರುಮಾಡಿದ್ದೆ. ಲೈಟ್ ಆರಿದ ಮೇಲೆ ಮಾಡುವಂಥದ್ದು. ಅದನ್ನು ಇಲ್ಲಿ ಹೇಳುವುದಿಲ್ಲ, ಫ್ರ್ಯಾಗ್ (ಹವಳದ ತುಂಡು) ತಗೊಂಡವರಿಗೆ ಮಾತ್ರ.

ಊರಿನಿಂದ ತಮ್ಮ ಫೋಟೊ ನೋಡಿ, "ಅಣ್ಣಾ, ನಾನೂ ಬೆಂಗಳೂರಲ್ಲಿ ಇಡ್ಲಾ?" ಅಂದ. ಬೇಡಪ್ಪ ಅಂದೆ. ಅಲ್ಲಿ ಗಟ್ಟಿ ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ಸಂರಕ್ಷಿತ ಜೀವಿ. ನೋಡಬೇಕು ಅನ್ನಿಸಿದರೆ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಮುಳುಗು ಅಂದೆ.

ಹಾಂ, ನಿಮ್ಮ ಹವಳ ಮಾಸಿದ್ದಲ್ಲ, ಮೊದಲಿಂದ ಕಂದು ಆಗಿದ್ದರೆ ಇದ್ಯಾವುದನ್ನೂ ಮಾಡಬೇಡಿ. ಮೊದಲು ಫಾಸ್ಫೇಟ್, ಪಾರ್ ಎರಡನ್ನೂ ಅಳೆಯಿರಿ. ಇಲ್ಲಿನ ಗೆಳೆಯರೊಬ್ಬರು ಫಾಸ್ಫೇಟ್ 0.2 ಇದ್ದ ಟ್ಯಾಂಕಿಗೆ ನನ್ನ ದ್ರಾವಣ ಸುರಿದು ಈಗ ಹಲ್ಲುಜ್ಜುವ ಬ್ರಷ್ ಹಿಡಿದು ಪಾಚಿ ಕೆರೆಯುತ್ತಿದ್ದಾರೆ. ನನ್ನ ರೆಡ್ ಪ್ಲಾನೆಟ್ ಇನ್ನೂ ಪೂರ್ತಿ ಬಂದಿಲ್ಲ, ತುದಿ ಕೆಂಪು, ಬುಡ ಇನ್ನೂ ಕಂದು. ಅದಕ್ಕೆ ನೆರಳಾಗಿದ್ದ ದೊಡ್ಡ ಮಾಂಟಿಯನ್ನು ಕತ್ತರಿಸಿದ್ದೇನೆ. ಕತ್ತರಿಸಿದ ತುಂಡೊಂದಕ್ಕೆ ಇಪ್ಪತ್ತು ಡಾಲರ್, ಬೇಕಾದವರು ಹೇಳಿ.